ಯಾವ ದಿನದಿಂದ ಲೆಕ್ಕ? ಜೀವನಾಂಶದ ಆದೇಶದ ಕೊನೇ ಸಾಲಿನ ಕತೆ

ಜೀವನಾಂಶದ ಆದೇಶ ಬಂತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ತಿಂಗಳಿಗೆ ಎಷ್ಟು? ಶಿವಮೊಗ್ಗದ ಕೋರ್ಟಿನ ಹೊರಗೆ ಕಾಯುತ್ತ ನಿಂತ ಅಪ್ಪನೂ ಅದನ್ನೇ ಕೇಳುತ್ತಾನೆ, ತೀರ್ಥಹಳ್ಳಿಯಿಂದ ಫೋನ್ ಮಾಡಿದ ಚಿಕ್ಕಮ್ಮನೂ ಅದನ್ನೇ ಕೇಳುತ್ತಾಳೆ. ಅನುಭವ ಇರುವ ವಕೀಲರು ಮಾತ್ರ ಮೊತ್ತ ನೋಡಿ ಸುಮ್ಮನಾಗುವುದಿಲ್ಲ. ಕೊನೇ ಪುಟ ತೆಗೆದು ಇನ್ನೊಂದು ಸಾಲು ಹುಡುಕುತ್ತಾರೆ. ಆದೇಶದ ದಿನದಿಂದಲೋ, ಅರ್ಜಿ ಹಾಕಿದ ದಿನದಿಂದಲೋ?

ಲೆಕ್ಕ ಹಾಕಿ ನೋಡೋಣ. ಒಬ್ಬಾಕೆ 2021ರ ಜೂನ್ 10ರಂದು ಅರ್ಜಿ ಹಾಕಿದಳು ಅಂತ ಇಟ್ಟುಕೊಳ್ಳಿ. ಆದೇಶ ಬಂದಿದ್ದು 2025ರ ಮಾರ್ಚ್ 10ಕ್ಕೆ, ತಿಂಗಳಿಗೆ 8,000 ರೂಪಾಯಿ. ಆದೇಶದ ದಿನದಿಂದ ಅಂದರೆ ಹಿಂದಿನ ಬಾಕಿ ಸೊನ್ನೆ. ಅರ್ಜಿಯ ದಿನದಿಂದ ಅಂದರೆ 45 ತಿಂಗಳು, 3,60,000 ರೂಪಾಯಿ. ಒಂದು ಪದದ ವ್ಯತ್ಯಾಸ, ಅಷ್ಟೆ. ಆ 45 ತಿಂಗಳು ಆಕೆ ಊಟ ಮಾಡದೆ ಇರಲಿಲ್ಲ ಅಲ್ವಾ? ಅಣ್ಣನ ಮನೆಯಲ್ಲಿ ಉಂಡಿದ್ದಾಳೆ, ಸಂಘದಲ್ಲಿ ಸಾಲ ತೆಗೆದಿದ್ದಾಳೆ, ಸರ ಅಡ ಇಟ್ಟಿದ್ದಾಳೆ. ಆ ಖರ್ಚು ಯಾರ ತಲೆ ಮೇಲೆ ಅನ್ನುವುದನ್ನು ಆ ಒಂದು ಸಾಲು ತೀರ್ಮಾನಿಸುತ್ತದೆ.

ಈ ಗೊಂದಲಕ್ಕೆ ನೂರು ವರ್ಷ ದಾಟಿದೆ. ಬ್ರಿಟಿಷರ ಕಾಲದ 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ 488ನೇ ಕಲಮು ಅಂತ ಒಂದಿತ್ತು. ಗಂಡ ಕೈಬಿಟ್ಟ ಹೆಂಡತಿ, ಮಕ್ಕಳು ಬೀದಿಗೆ ಬೀಳಬಾರದು ಅನ್ನುವುದು ಅದರ ಉದ್ದೇಶ. ಕ್ರಿಮಿನಲ್ ಸಂಹಿತೆಯೊಳಗೆ ಇದು ಯಾಕೆ ಬಂತು ಅಂದರೆ, ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಕೆಲಸ ಬೇಗ ಆಗುತ್ತದೆ ಅಂತ. ಬೇಗ ಆಗುತ್ತದೆ ಅನ್ನುವ ಈ ನಂಬಿಕೆ ನೆನಪಿರಲಿ, ಮುಂದೆ ಅದೇ ಕೈಕೊಡುತ್ತದೆ. ಆ ಕಲಮಿನ ಪ್ರಕಾರ ಹಣ ಸಲ್ಲಬೇಕಾದ್ದು ಆದೇಶದ ದಿನದಿಂದ, ಅಥವಾ ಕೋರ್ಟು ಹಾಗೆ ಹೇಳಿದರೆ ಅರ್ಜಿಯ ದಿನದಿಂದ. ಮೊದಲ ಜಾಗ ಆದೇಶಕ್ಕೆ. ಅರ್ಜಿಯ ದಿನ ಬೇಕಿದ್ದರೆ ಕೋರ್ಟು ಬಾಯಿಬಿಟ್ಟು ಹೇಳಬೇಕು.

1973ರಲ್ಲಿ ಹೊಸ ಸಂಹಿತೆ ಬಂತು. 488 ಹೋಗಿ 125 ಆಯಿತು. ಸಾಲು ಮಾತ್ರ ಹಾಗೇ ಉಳಿಯಿತು. ಮೊತ್ತಕ್ಕೆ 500 ರೂಪಾಯಿ ಮಿತಿ ಇತ್ತು, 1955ರಿಂದ 2001ರವರೆಗೂ ಅದು ಅಲ್ಲಾಡಲಿಲ್ಲ. ಅಷ್ಟರಲ್ಲಿ ಅಡಿಕೆ ರೇಟು ಎಷ್ಟು ಸಲ ಏರಿ ಇಳಿಯಿತೋ! ತಿಂಗಳಿಗೆ 500 ಅಂದಾಗ ಯಾವ ದಿನದಿಂದ ಅನ್ನುವ ಜಗಳಕ್ಕೂ ಹೆಚ್ಚು ತೂಕ ಇರಲಿಲ್ಲ ಅಂತ ನನಗನಿಸುತ್ತದೆ. 2001ರಲ್ಲಿ ಮಿತಿ ಹೋಯಿತು. ಜೊತೆಗೇ ಕೇಸು ಮುಗಿಯುವವರೆಗೆ ಮಧ್ಯಂತರ ಜೀವನಾಂಶ ಕೊಡಿಸುವ ಅಧಿಕಾರವೂ ಕಲಮಿನಲ್ಲೇ ಸೇರಿತು. ಆ ಅರ್ಜಿಯನ್ನು ಆದಷ್ಟು ಮಟ್ಟಿಗೆ 60 ದಿನದಲ್ಲಿ ಮುಗಿಸಬೇಕು ಅಂತಲೂ ಬರೆದರು. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿಗೂ, ಅಂದರೆ ವಿಚ್ಛೇದನದ ಕೇಸು ನಡೆಯುವಾಗ ಕೇಳುವ ಜೀವನಾಂಶಕ್ಕೂ, ಅದೇ ವರ್ಷ ಇದೇ ಗಡುವು ಬಂತು.

60 ದಿನ ಅಂದರೆ ಯಾವ ದಿನದಿಂದ? ನೋಟಿಸ್ ಗಂಡನ ಕೈಸೇರಿದ ದಿನದಿಂದ. ಇಲ್ಲಿ ನಮ್ಮ ಮಲೆನಾಡು ನೆನಪಾಗದೆ ಇರುವುದಿಲ್ಲ. ಹೊಸನಗರದ ಕಡೆ ಮನೆ ಅಂದರೆ ಒಂಟಿ ಮನೆ. ರಸ್ತೆಯಿಂದ ಇಳಿದು, ಹಳ್ಳ ದಾಟಿ, ತೋಟದ ಪಕ್ಕ ನಡೆದು ಹೋಗಬೇಕು. ಮಳೆಗಾಲದಲ್ಲಿ ಹಳ್ಳದ ಮೇಲಿನ ಸಂಕ, ಅಂದರೆ ಕಾಲುಸೇತುವೆ, ಇರುತ್ತದೋ ಕೊಚ್ಚಿ ಹೋಗಿರುತ್ತದೋ. ನೋಟಿಸ್ ಹಿಡಿದು ಹೋದವರಿಗೆ ಜಗಲಿಯಲ್ಲಿ ಕೂತ ಅಜ್ಜ ಹೇಳುವುದು, "ಮಾಣಿ ಊರಲ್ಲಿಲ್ಲ, ಬೆಂಗಳೂರಿಗೆ ಹೋಗಿದಾನೆ." ಮಾಣಿ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಸುತ್ತಿದ್ದರೂ ಉತ್ತರ ಅದೇ. ನೋಟಿಸ್ ವಾಪಸ್. ಮತ್ತೊಂದು ವಾಯಿದೆ, ಮತ್ತೊಂದು ನೋಟಿಸ್. 60 ದಿನದ ಗಡಿಯಾರ ಶುರುವೇ ಆಗಿಲ್ಲ.

ಆದೇಶದ ದಿನದಿಂದ ಲೆಕ್ಕ ಹಾಕುವ ಪದ್ಧತಿಯ ದೋಷ ಇಲ್ಲೇ ಇರುವುದು. ಕೇಸು ಎಷ್ಟು ಎಳೆದರೆ ಅಷ್ಟು ಲಾಭ, ಅದೂ ಕೊಡಬೇಕಾದವನಿಗೆ. ವಕೀಲರು ಬದಲಾದರು ಅಂತ ಒಂದು ವಾಯಿದೆ, ಪಾಟೀಸವಾಲು ಮಾಡಲು ತಯಾರಿಲ್ಲ ಅಂತ ಇನ್ನೊಂದು. ಒಂದೊಂದು ವಾಯಿದೆಗೂ ಆತನ ಒಂದು ತಿಂಗಳ ದುಡ್ಡು ಉಳಿಯಿತು. ಎಲ್ಲ ಗಂಡಂದಿರೂ ಬೇಕಂತಲೇ ಎಳೆಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ನ್ಯಾಯಾಧೀಶರ ಹುದ್ದೆ ಖಾಲಿ, ಕೇಸುಗಳು ಜಾಸ್ತಿ, ಇದೆಲ್ಲ ಇದ್ದದ್ದೇ. ಆದರೆ ಕೋರ್ಟಿನ ತಡಕ್ಕೆ ಆಕೆ ಯಾಕೆ ತೆರಬೇಕು?

ಈ ಪ್ರಶ್ನೆಗೆ ಹೈಕೋರ್ಟುಗಳು ಒಂದೊಂದು ದಿಕ್ಕಿಗೆ ಉತ್ತರ ಕೊಟ್ಟವು. ಆದೇಶದ ದಿನವೇ ಸಾಮಾನ್ಯ ನಿಯಮ, ಅರ್ಜಿಯ ದಿನದಿಂದ ಕೊಡಬೇಕಾದರೆ ವಿಶೇಷ ಕಾರಣ ಬೇಕು ಅಂದವರಿದ್ದರು. ಕಾರಣ ಏನೂ ಬೇಡ ಅಂದವರಿದ್ದರು. ಸಮನ್ಸ್ ಜಾರಿಯಾದ ದಿನದಿಂದ ಅನ್ನುವ ಮೂರನೇ ದಾರಿಯೂ ಇತ್ತು. 24ನೇ ಕಲಮಿನಲ್ಲಂತೂ ದಿನಾಂಕದ ಮಾತೇ ಇಲ್ಲ. 2008ರಲ್ಲಿ ಸುಪ್ರೀಂ ಕೋರ್ಟು, 125ರ ಕೆಳಗೆ ಅರ್ಜಿಯ ದಿನದಿಂದ ಕೊಡಲು ವಿಶೇಷ ಕಾರಣ ಬೇಕಿಲ್ಲ ಅಂದಿತು. 2014ರಲ್ಲಿ, ಯಾವ ದಿನ ಆರಿಸಿಕೊಂಡರೂ ಕಾರಣ ಬರೆಯಿರಿ ಅಂದಿತು. ಅದೇ 2014ರ ಜುಲೈನಲ್ಲಿ ಅದರ ಮುಂದೆ ಬಂದ ಇನ್ನೊಂದು ಕೇಸು ನೋಡಿ: ಹೆಂಡತಿಯ ಅರ್ಜಿ ಫ್ಯಾಮಿಲಿ ಕೋರ್ಟಿನಲ್ಲಿ ಒಂಬತ್ತು ವರ್ಷ ಕೂತಿತ್ತು. ಒಂಬತ್ತು ವರ್ಷದಲ್ಲಿ ಇಲ್ಲಿ ಅಡಿಕೆ ಸಸಿ ನೆಟ್ಟವನು ಫಸಲು ಕೊಯ್ದು ಮಂಡಿಗೆ ಹಾಕಿರುತ್ತಾನೆ. ಫ್ಯಾಮಿಲಿ ಕೋರ್ಟು ಆದೇಶದ ದಿನದಿಂದ ಅಂದಿತ್ತು, ಹೈಕೋರ್ಟು ಅದನ್ನು ಅರ್ಜಿಯ ದಿನಕ್ಕೆ ತಿದ್ದಿತು, ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು.

ಗೊಂದಲಕ್ಕೆ ತೆರೆ ಬಿದ್ದಿದ್ದು 2020ರ ನವೆಂಬರ್ 4ರಂದು. ವಕೀಲರು ರಜನೇಶ್-ನೇಹಾ ಕೇಸು ಅನ್ನುತ್ತಾರಲ್ಲ, ಅದು. ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರ ಪೀಠ ಮೂರೂ ದಾರಿಗಳನ್ನು ಎದುರಿಗಿಟ್ಟುಕೊಂಡು ಒಂದನ್ನು ಆರಿಸಿತು. ಯಾವ ಕಾಯ್ದೆಯ ಕೆಳಗೆ ಕೇಳಿದರೂ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಅರ್ಜಿ ಎಷ್ಟು ದಿನ ಬಾಕಿ ಇರುತ್ತದೆ ಅನ್ನುವುದು ಅರ್ಜಿದಾರಳ ಕೈಯಲ್ಲಿ ಇಲ್ಲ ಅನ್ನುವುದೇ ಮುಖ್ಯ ಕಾರಣ.

ಅದೇ ತೀರ್ಪಿನಲ್ಲಿ ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಹಾಕಬೇಕು. ಅದರ ನಮೂನೆಯನ್ನು ತೀರ್ಪಿನ ಜೊತೆಗೇ ಕೊಟ್ಟಿದ್ದಾರೆ, ಮತ್ತು ಕೃಷಿಕರಿಗೆ ಅಂತಲೇ ಬೇರೆ ನಮೂನೆ ಇದೆ. ಯಾಕೆ ಮುಖ್ಯ ಅಂದರೆ, ಸಂಬಳದವನ ಆದಾಯ ಪೇ ಸ್ಲಿಪ್‌ನಲ್ಲಿ ಸಿಗುತ್ತದೆ, ತೋಟದವನದು ಎಲ್ಲಿ ಸಿಗಬೇಕು? ಪಹಣಿ ಅಪ್ಪನ ಹೆಸರಲ್ಲಿ. ಅಡಿಕೆ ಮಾರುವುದು ಅಪ್ಪನ ಖಾತೆಯಲ್ಲಿ. ಮಗ ಕಟಕಟೆಯಲ್ಲಿ ನಿಂತು, "ನನ್ನ ಹೆಸರಲ್ಲಿ ಒಂದು ಗುಂಟೆ ಜಾಗವೂ ಇಲ್ಲ, ಅಪ್ಪ ಊಟ ಹಾಕ್ತಾರೆ" ಅನ್ನುತ್ತಾನೆ. ಮದುವೆ ಮಾತುಕತೆಯಲ್ಲಿ ಮಾತ್ರ ಅದೇ ಆರು ಎಕರೆ ತೋಟ ಆತನದೇ ಆಗಿತ್ತು! ಈ ಆದಾಯದ ಜಗಳಕ್ಕೇ ಕೇಸು ವರ್ಷಗಟ್ಟಲೆ ಎಳೆಯುವುದು. ಎರಡೂ ಕಡೆಯವರ ಅಫಿಡವಿಟ್ ಬಂದ ಮೇಲೆ ಮಧ್ಯಂತರ ಅರ್ಜಿಯನ್ನು ನಾಲ್ಕರಿಂದ ಆರು ತಿಂಗಳಲ್ಲಿ ಮುಗಿಸಲು ನೋಡಿ ಅಂತ ತೀರ್ಪು ಹೇಳಿದೆ. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಮತ್ತೊಂದು ಕೇಸಿನಲ್ಲಿ, ಈ ಸೂಚನೆಗಳು ಕೆಳಗಿನ ಕೋರ್ಟುಗಳಲ್ಲಿ ಸರಿಯಾಗಿ ಪಾಲನೆ ಆಗುತ್ತಿಲ್ಲ ಅಂತ ಬೇಸರ ಮಾಡಿಕೊಂಡಿತು.

ಗಂಡನ ಕಡೆಯ ಮಾತೂ ಇದೆ, ಅದು ಪೂರ್ತಿ ಸುಳ್ಳಲ್ಲ. ನಾಲ್ಕು ವರ್ಷದ ಬಾಕಿ ಒಂದೇ ಸಲ ತಲೆ ಮೇಲೆ ಬಿದ್ದರೆ ಸಣ್ಣ ಹಿಡುವಳಿಯವನು ಎಲ್ಲಿಂದ ತರಬೇಕು? ಆದರೆ ಈಗಾಗಲೇ ಕೊಟ್ಟದ್ದು ಲೆಕ್ಕದಿಂದ ಕಳೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಆತ 26 ತಿಂಗಳು ಮಧ್ಯಂತರವಾಗಿ 3,000ದಂತೆ ಕೊಟ್ಟಿದ್ದರೆ 78,000 ಕಳೆದು 2,82,000 ಉಳಿಯುತ್ತದೆ. ಆಕೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲೂ, ವಿಚ್ಛೇದನದ ಕೇಸಿನಲ್ಲೂ ಬೇರೆ ಬೇರೆ ಕೇಳಿದ್ದರೆ, ಮೊದಲು ಸಿಕ್ಕ ಆದೇಶವನ್ನು ಎರಡನೇ ಕೋರ್ಟಿಗೆ ತಿಳಿಸಲೇಬೇಕು. ಹಾಗಾಗಿ ಎರಡು ಕಡೆ ಪೂರ್ತಿ ವಸೂಲಿ ಅನ್ನುವ ಭಯಕ್ಕೆ ಈಗ ಆಧಾರ ಕಡಿಮೆ. ಮೊದಲ ದಿನದಿಂದಲೇ ಕೈಲಾದಷ್ಟು ಬ್ಯಾಂಕಿನ ಮೂಲಕ ಕೊಡುತ್ತ ಬಂದವನಿಗೆ ಬಾಕಿಯ ಗುಡ್ಡ ಬೆಳೆಯುವುದೂ ಇಲ್ಲ.

ಇನ್ನು ತಮಾಷೆ ನೋಡಿ. 2024ರ ಜುಲೈ 1ರಿಂದ ಹಳೇ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 125 ಈಗ 144 ಆಗಿದೆ. 2020ರ ತೀರ್ಪು ಬಂದು ಮೂರು ವರ್ಷದ ಮೇಲೆ ಬರೆದ ಕಾನೂನು. ಆದರೂ ಒಳಗೆ ಅದೇ ಹಳೇ ಸಾಲು: ಆದೇಶದ ದಿನದಿಂದ, ಅಥವಾ ಹಾಗೆ ಆದೇಶಿಸಿದರೆ ಅರ್ಜಿಯ ದಿನದಿಂದ. ಪುಸ್ತಕ ಒಂದು ಹೇಳುತ್ತದೆ, ತೀರ್ಪು ಇನ್ನೊಂದು. ನಡೆಯುವುದು ತೀರ್ಪಿನ ಮಾತೇ, ಯಾಕೆಂದರೆ ಸುಪ್ರೀಂ ಕೋರ್ಟು ಹೇಳಿದ ಕಾನೂನಿಗೆ ಎಲ್ಲ ಕೋರ್ಟುಗಳೂ ಬದ್ಧ. ಆದರೂ ಅರ್ಜಿಯ ಪ್ರಾರ್ಥನೆಯಲ್ಲಿ "ಅರ್ಜಿಯ ದಿನಾಂಕದಿಂದ" ಅಂತ ಬಿಡದೆ ಬರೆಸಿಕೊಳ್ಳುವುದು ಒಳ್ಳೆಯದು. ಸುಮ್ನೆ ಯಾಕೆ ರಿಸ್ಕು?

ಆದೇಶ ಸಿಕ್ಕ ಮೇಲೆ ವಸೂಲಿ ಬೇರೆಯದೇ ಗೋಳು. ಕೊಡದವನ ಮೇಲೆ ವಾರಂಟ್ ಹೊರಡಿಸಬಹುದು, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಜೈಲು ಅನ್ನುವುದು ಹಣ ಕೊಡಿಸುವ ದಾರಿ ಮಾತ್ರ, ಬಾಕಿ ಹಾಗೇ ಇರುತ್ತದೆ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ವಾರಂಟಿಗೆ ಅರ್ಜಿ ಹಾಕಲು ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದ ಗಡುವು ಇದೆ, ಅದನ್ನು ಮರೆತು ಕೂರಬಾರದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಇನ್ನೊಂದು ದಾರಿ ಇದೆ: ಗಂಡನಿಗೆ ಸಂಬಳ ಕೊಡುವವರಿಗಷ್ಟೇ ಅಲ್ಲ, ಗಂಡನಿಗೆ ದುಡ್ಡು ಕೊಡಬೇಕಾದ ಯಾರಿಗೇ ಆದರೂ, ಆ ಹಣದ ಒಂದು ಭಾಗವನ್ನು ನೇರ ಆಕೆಗೆ ಕೊಡಿ ಅಥವಾ ಕೋರ್ಟಿಗೆ ಕಟ್ಟಿ ಅಂತ ಮ್ಯಾಜಿಸ್ಟ್ರೇಟರು ಹೇಳಬಹುದು. ಸಂಬಳವೇ ಇಲ್ಲದ, ಆದರೆ ಮಂಡಿಯಲ್ಲಿ ರಾಶಿ ಅಡಿಕೆಯ ದುಡ್ಡು ಬರಬೇಕಾಗಿರುವ ಗಂಡನ ವಿಷಯದಲ್ಲಿ ಈ ಸಾಲು ಉಪಯೋಗಕ್ಕೆ ಬರುತ್ತದೆ.

ಒಂದು ಕಾಲದ ಲೆಕ್ಕ ಮಾತ್ರ ಹೊರಗೇ ಉಳಿಯುತ್ತದೆ, ಅರ್ಜಿ ಹಾಕುವ ಮೊದಲಿನ ಕಾಲ. ನಮ್ಮಲ್ಲಿ ಹೆಣ್ಣುಮಗಳು ತವರಿಗೆ ಬಂದ ಕೂಡಲೇ ಯಾರೂ ಕೋರ್ಟಿಗೆ ಕಳಿಸುವುದಿಲ್ಲ. "ದೀಪಾವಳಿ ಕಳೀಲಿ, ಕೊನೆಕೊಯ್ಲು ಮುಗೀಲಿ, ಹಿರಿಯರನ್ನ ಕೂರಿಸಿ ಮಾತಾಡೋಣ" ಅನ್ನುತ್ತಾರೆ. ಕೊಯ್ಲು ಮುಗಿಯುತ್ತದೆ, ತಂಗಿಯ ಮದುವೆ ಬರುತ್ತದೆ, ಅದೂ ಮುಗಿಯಲಿ ಅನ್ನುತ್ತಾರೆ. ಹೀಗೆ ಎರಡು ವರ್ಷ ಹೋದರೆ, 144ರ ಕೆಳಗೆ ಆ ಎರಡು ವರ್ಷಕ್ಕೆ ಒಂದು ರೂಪಾಯಿಯೂ ಇಲ್ಲ. ಗಡಿಯಾರ ಶುರುವಾಗುವುದು ಆಕೆ ಗಂಡನ ಮನೆ ಮೆಟ್ಟಿಲು ಇಳಿದ ದಿನ ಅಲ್ಲ, ಅರ್ಜಿಗೆ ಕೋರ್ಟಿನ ಸೀಲು ಬಿದ್ದ ದಿನ. ಹಿಂದಿನ ಬಾಕಿಯೂ ಬೇಕು ಅಂದರೆ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕೆಳಗೆ ಬೇರೆ ದಾವೆ ಹೂಡಬೇಕು, ಅಲ್ಲೂ ಬಾಕಿಗೆ ಮೂರು ವರ್ಷದ ಮಿತಿ. ರಾಜಿ ಮಾತುಕತೆ ಬೇಡ ಅಂತಲ್ಲ. ಅರ್ಜಿ ಹಾಕಿಟ್ಟೂ ಮಾತಾಡಬಹುದು. ಸಾಗರದಲ್ಲೋ ಶಿಕಾರಿಪುರದಲ್ಲೋ ತಾನು ಈಗ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ.