ಹಳೆಯ ಕಾರಿನ ತುಕ್ಕು: ಬಣ್ಣಕ್ಕೂ ಮೊದಲು ನೀರಿನ ದಾರಿ ಹುಡುಕಿ

ಹಳೆಯ ಕಾರಿನ ಮಡ್‌ಗಾರ್ಡಿನ ಮೇಲೆ ಉಗುರಿನಷ್ಟು ಗಾತ್ರದ ಗುಳ್ಳೆಯೊಂದು ಎದ್ದರೆ ಹೆಚ್ಚಿನವರು ಅದನ್ನು ಬಣ್ಣದ ದೋಷವೆಂದೇ ತಿಳಿಯುತ್ತಾರೆ. ಗುಳ್ಳೆಯನ್ನು ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಪುಟ್ಟಿ ತುಂಬಿ, ಮೇಲೆ ಎರಡು ಕೈ ಬಣ್ಣ ಹೊಡೆದರೆ ಕೆಲಸ ಮುಗಿಯಿತೆಂದು ನಂಬುತ್ತಾರೆ. ಹಾಗೆ ಮಾಡಿದ ಕಾರುಗಳು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾರ್ಯಾಗಾರ ನಡೆಸುವ ನಮ್ಮಂಥವರ ಕೈಗೆ ಬರುತ್ತವೆ. ಗುಳ್ಳೆ ಅದೇ ಜಾಗದಲ್ಲಿ, ಮೊದಲಿಗಿಂತ ಅಗಲವಾಗಿ ಎದ್ದಿರುತ್ತದೆ. ಹೊರಗಿನ ಕಲ್ಲಿನೇಟಿನಿಂದ ಹುಟ್ಟಿದ ತುಕ್ಕು ಗೀರಿನ ಸುತ್ತ ಕಂದು ಕಲೆಯಾಗಿ ಕಾಣಿಸುತ್ತದೆ. ಗೀರೇ ಇಲ್ಲದ ಕಡೆ ಬಣ್ಣ ಉಬ್ಬಿತೆಂದರೆ, ತುಕ್ಕು ತಗಡಿನ ಒಳಮೈಯಿಂದ ಹೊರಟು ಈಗಷ್ಟೇ ಹೊರಮೈಯನ್ನು ಮುಟ್ಟಿದೆ ಎಂದೇ ಬಹುಪಾಲು ಸಂದರ್ಭಗಳಲ್ಲಿ ಅರ್ಥ. ಆದ್ದರಿಂದ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಗ್ರೈಂಡರ್ ಎತ್ತಿಕೊಳ್ಳುವ ಮೊದಲು ಅಲ್ಲಿಗೆ ನೀರು ಹೇಗೆ ಬಂತು, ಬಂದ ನೀರು ಏಕೆ ಹೊರಗೆ ಹೋಗಲಿಲ್ಲ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

ತುಕ್ಕು ಹುಟ್ಟಲು ಕಬ್ಬಿಣ, ನೀರು, ಆಮ್ಲಜನಕ ಮೂರೂ ಬೇಕು. ಉಪ್ಪಿನಂಶ ಸೇರಿದರೆ ಅದರ ವೇಗ ಹೆಚ್ಚುತ್ತದೆ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಎತ್ತುತ್ತದೆ, ಸ್ಪಾಟ್ ವೆಲ್ಡ್ ಮಾಡಿ ಜೋಡಿಸಿದ ಎರಡು ತಗಡುಗಳ ನಡುವೆ ಸೇರಿ ಅವನ್ನು ಬಿರಿಯುವಂತೆ ಮಾಡುತ್ತದೆ. ಹಳೆಯ ಕಾರುಗಳಲ್ಲಿ ಇದು ಕಾಣಿಸಿಕೊಳ್ಳುವ ಜಾಗಗಳು ಹೆಚ್ಚು ಬದಲಾಗುವುದಿಲ್ಲ: ಬಾಗಿಲುಗಳ ತಳ, ಬಾಗಿಲ ಕೆಳಗಿನ ಟೊಳ್ಳು ಸಿಲ್, ಚಕ್ರದ ಕಮಾನಿನ ಅಂಚು, ಮುಂದಿನ ಮಡ್‌ಗಾರ್ಡಿನ ಹಿಂತುದಿ, ಬ್ಯಾಟರಿ ತಟ್ಟೆ, ನೆಲಹಾಸಿನ ಕೆಳಗಿನ ತಗಡು, ಮುಂದಿನ ಮತ್ತು ಹಿಂದಿನ ಗಾಜಿನ ರಬ್ಬರ್ ಬೀಡಿಂಗಿನ ಅಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ. ಇವೆಲ್ಲವೂ ಕೆಸರು ಕೂರುವ ಅಥವಾ ನೀರು ನಿಲ್ಲುವ ಜಾಗಗಳು.

ಬಾಗಿಲನ್ನೇ ಹತ್ತಿರದಿಂದ ನೋಡೋಣ. ಕಿಟಕಿ ಗಾಜಿನ ಹೊರಬದಿಯ ರಬ್ಬರ್ ಪಟ್ಟಿ ಒಣಗಿ ಗಡುಸಾದ ಮೇಲೆ, ಗಾಜಿನ ಮೇಲೆ ಇಳಿಯುವ ಮಳೆನೀರೆಲ್ಲ ಬಾಗಿಲಿನ ಹೊಟ್ಟೆಯೊಳಗೆ ಬೀಳುತ್ತದೆ. ಕಾರು ತಯಾರಿಸಿದವರಿಗೆ ಇದು ಗೊತ್ತಿದ್ದುದರಿಂದಲೇ ಬಾಗಿಲ ತಳದಲ್ಲಿ ಸಣ್ಣ ಸೀಳುಗಳನ್ನು ಬಿಟ್ಟಿರುತ್ತಾರೆ. ದೂಳು, ಒಣ ಎಲೆ, ಹಳೆಯ ಗ್ರೀಸು, ಹಿಂದಿನ ಮಾಲೀಕರು ಹೊಡೆಸಿದ ದಪ್ಪ ಬಣ್ಣ ಎಲ್ಲವೂ ಸೇರಿ ಆ ಸೀಳುಗಳು ಮುಚ್ಚುತ್ತವೆ. ಒಳಗಿನ ಪ್ಯಾನೆಲ್ ತೆಗೆದು ಟಾರ್ಚ್ ಹಿಡಿದರೆ ತಳದಲ್ಲಿ ಬೆರಳು ಹುದುಗುವಷ್ಟು ತೇವದ ಮಣ್ಣು ಕಾಣುತ್ತದೆ. ಅದನ್ನು ಕೆರೆದು ತೆಗೆದಾಗ ಹೊರತಗಡಿನ ಅಂಚು ಒಳತಗಡಿನ ಮೇಲೆ ಮಡಚಿಕೊಂಡಿರುವ ಗೆರೆಯುದ್ದಕ್ಕೂ ತುಕ್ಕು ಪದರಪದರವಾಗಿ ಕಳಚಿ ಬರುತ್ತದೆ. ಹೊರಗೆ ಕಂಡದ್ದು ಎರಡು ಗುಳ್ಳೆ ಮಾತ್ರ. ಒಳಗೆ ಬಾಗಿಲಿನ ಅರ್ಧ ಉದ್ದಕ್ಕೂ ತಗಡು ಕಾಗದದಷ್ಟು ತೆಳುವಾಗಿರುತ್ತದೆ. ಇಂಥ ಕಡೆ ಹೊರಗಿನಿಂದ ಹಚ್ಚಿದ ಯಾವ ಪುಟ್ಟಿಯೂ ಉಳಿಯುವುದಿಲ್ಲ.

ತಪಾಸಣೆಗೆ ದುಬಾರಿ ಉಪಕರಣಗಳು ಬೇಡ. ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಮೈಯುದ್ದಕ್ಕೂ ಆಡಿಸಿದರೆ, ಹಿಂದೆ ಯಾರಾದರೂ ಪುಟ್ಟಿ ತುಂಬಿದ ಜಾಗದಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ತಗಡಿನ ದನಿಗೂ ಕೊಳೆತ ತಗಡಿನ ದನಿಗೂ ಇರುವ ವ್ಯತ್ಯಾಸ ಕಿವಿಗೆ ಬೇಗ ಪರಿಚಯವಾಗುತ್ತದೆ. ಅನುಮಾನ ಬಂದಲ್ಲಿ ಮೊನೆಯಿಂದ ಒತ್ತಿ ನೋಡಬೇಕು. ಗೆದ್ದಲು ಹಿಡಿದ ಮರದಂತೆ ಹೊರಗೆ ನಯವಾಗಿದ್ದು ಒಳಗೆ ಟೊಳ್ಳಾದ ತಗಡು ಆ ಒತ್ತಡಕ್ಕೇ ತೂತಾಗುತ್ತದೆ, ಆಗುವುದೇ ಒಳ್ಳೆಯದು. ಗಾಜಿನ ಬೀಡಿಂಗ್ ಸೋರುತ್ತಿದೆಯೇ ಎಂದು ತಿಳಿಯಲು ಒಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ, ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತಾ ಹೋಗಬೇಕು, ಇನ್ನೊಬ್ಬರು ನೆಲಹಾಸು ತೆಗೆದ ಕಾರಿನೊಳಗೆ ಟಾರ್ಚ್ ಹಿಡಿದು ಕೂರಬೇಕು.

ಇಲ್ಲಿ ಒಂದು ಗಡಿಯನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಷಾಸಿ, ಸಿಲ್, ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ಜೋಡಣೆಯ ಜಾಗಗಳು, ಸೀಟ್ ಬೆಲ್ಟಿನ ಹಿಡಿತದ ಬಿಂದುಗಳು, ಜಾಕ್ ಕೊಡುವ ಜಾಗಗಳು ಕಾರಿನ ಬಲವನ್ನು ಹೊರುವ ಭಾಗಗಳು. ಪ್ರತ್ಯೇಕ ಷಾಸಿ ಇಲ್ಲದ ಕಾರುಗಳಲ್ಲಿ ಸಿಲ್ಲೇ ದೇಹದ ಬೆನ್ನೆಲುಬು. ಅದನ್ನು ಆಧಾರ ಕೊಡದೆ ಕತ್ತರಿಸಿದರೆ ಕಾರಿನ ಮೈ ಬಾಗಿ ಬಾಗಿಲುಗಳು ಮತ್ತೆ ಮುಚ್ಚುವುದೇ ಇಲ್ಲ. ಈ ಭಾಗಗಳಲ್ಲಿ ಫೈಬರ್ ಬಟ್ಟೆ, ಪುಟ್ಟಿ, ರಿವೆಟ್ ಹೊಡೆದ ತೇಪೆ ಯಾವುದೂ ಸಲ್ಲದು. ವೆಲ್ಡಿಂಗಿನಲ್ಲಿ ಪಳಗಿದವರಿಂದಲೇ ಮಾಡಿಸಿ, ಹೊರತಗಡಿನ ಕೆಲಸವನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳುವುದು ನನ್ನ ಸಲಹೆ.

ತುಕ್ಕು ತೆಗೆಯುವಾಗ ಮನೆಯಲ್ಲಿ ಹೆಚ್ಚಾಗಿ ಬಳಕೆಯಾಗುವುದು ತಂತಿಯ ಬ್ರಷ್. ಅದು ಸಡಿಲ ಪದರವನ್ನು ಉದುರಿಸುತ್ತದೆ ನಿಜ, ಆದರೆ ತುಕ್ಕು ಲೋಹದಲ್ಲಿ ಕೊರೆದ ಸಣ್ಣ ಗುಂಡಿಗಳೊಳಗಿನ ಗಟ್ಟಿ ತುಕ್ಕನ್ನು ಬಿಟ್ಟು ಅದಕ್ಕೆ ಹೊಳಪು ಕೊಡುತ್ತದೆ. ಆ ಕಪ್ಪು ಹೊಳಪನ್ನು ಶುದ್ಧ ಲೋಹವೆಂದು ತಪ್ಪಾಗಿ ತಿಳಿಯುವುದು ಸುಲಭ. ಮೊದಲು ಗ್ರೈಂಡರಿಗೆ ಹಾಕುವ ಒರಟು ನಾರಿನ ನೈಲಾನ್ ಸ್ಟ್ರಿಪ್ ಡಿಸ್ಕಿನಿಂದ ಬಣ್ಣವನ್ನೂ ಮೇಲಿನ ತುಕ್ಕನ್ನೂ ತೆಗೆದು, ಗುಂಡಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚುವುದು ಒಳ್ಳೆಯ ಕ್ರಮ. ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಆದರೆ ಅದು ಮೈಮೇಲೆಯೇ ಒಣಗಿ ಉಳಿದರೆ ಮೇಲೆ ಹೊಡೆಯುವ ಎಪಾಕ್ಸಿ ಪ್ರೈಮರಿನ (ತೇವವನ್ನು ತಡೆಯುವ ತಳಬಣ್ಣದ) ಹಿಡಿತ ಕೆಡುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಸೂಚನೆಯಂತೆ ತೊಳೆದು, ತಕ್ಷಣ ಒರೆಸಿ, ಬಿಸಿಗಾಳಿಯಿಂದ ಒಣಗಿಸಬೇಕು. ತುಕ್ಕನ್ನು ಕಪ್ಪಾಗಿಸುವ ಕನ್ವರ್ಟರುಗಳು ಕೈ ಹೋಗದ ಸಂದುಗಳಿಗೆ ಸರಿ. ಉಜ್ಜಲು ಬರುವ ಕಡೆ ಅವುಗಳನ್ನು ನೆಚ್ಚಬಾರದು. ಮರಳು ಸಿಡಿಸುವ ವಿಧಾನ ದಪ್ಪ ಭಾಗಗಳಿಗೆ ಚೆನ್ನ. ಬಾನೆಟ್, ಬಾಗಿಲು, ಛಾವಣಿಯಂಥ ಅಗಲವಾದ ತೆಳು ತಗಡುಗಳು ಅದರ ಹೊಡೆತಕ್ಕೆ ಸೊಟ್ಟಗಾಗುತ್ತವೆ, ಮತ್ತೆ ನೇರವಾಗುವುದು ಬಹಳ ಕಷ್ಟ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚಾದ್ದರಿಂದ ಒಣದಾಗಿ ಉಜ್ಜಿ ದೂಳೆಬ್ಬಿಸಬಾರದು; ಮಕ್ಕಳು ಓಡಾಡುವ ಮನೆಯಲ್ಲಂತೂ ಕೂಡದು.

ತೂತಾದ ಅಥವಾ ತೆಳುವಾದ ತಗಡನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ತೆಗೆಯಬೇಕು. ಕತ್ತರಿಸುವಾಗ ಕೈ ಹಿಂಜರಿಯುತ್ತದೆ, ಅದು ಸಹಜ; ಆದರೆ ತುಕ್ಕಿನ ಅಂಚಿಗೆ ಹಾಕಿದ ಬೆಸುಗೆ ನಿಲ್ಲುವುದಿಲ್ಲ, ಸುಟ್ಟು ತೂತು ಇನ್ನೂ ದೊಡ್ಡದಾಗುತ್ತದೆ. ಹಳೆಯ ಕಾರಿನ ಹೊರತಗಡು ಸಾಮಾನ್ಯವಾಗಿ 0.8ರಿಂದ 1 ಮಿ.ಮೀ. ದಪ್ಪ ಇರುತ್ತದೆ, ತೇಪೆಯೂ ಅದೇ ದಪ್ಪದ್ದಾಗಿರಲಿ. ತೇಪೆಯನ್ನು ಮೇಲೆ ಹೊದಿಸಿ ಬೆಸೆದರೆ ಎರಡು ತಗಡುಗಳ ನಡುವೆ ನೀರು ಕೂರಲು ಹೊಸ ಸಂದಾಗುತ್ತದೆ. ಅಂಚಿಗೆ ಅಂಚು ಕೂಡಿಸಿ, 0.6 ಮಿ.ಮೀ. ತಂತಿಯ ಮಿಗ್ ವೆಲ್ಡರಿನಿಂದ (ತಂತಿಯನ್ನು ತಾನೇ ಒದಗಿಸುತ್ತಾ ಬೆಸೆಯುವ ಯಂತ್ರದಿಂದ) ಚುಕ್ಕಿಚುಕ್ಕಿಯಾಗಿ, ಒಂದು ಚುಕ್ಕಿ ಈ ತುದಿಯಲ್ಲಿ ಹಾಕಿದರೆ ಮುಂದಿನದನ್ನು ಆ ತುದಿಯಲ್ಲಿ ಹಾಕುತ್ತಾ, ತಗಡು ಕೈಯಿಂದ ಮುಟ್ಟುವಷ್ಟು ಆರಿದ ಮೇಲೆಯೇ ಮುಂದುವರಿಯಬೇಕು. ಒಂದೇ ಗೆರೆಯಾಗಿ ಎಳೆದ ಬೆಸುಗೆಯ ಶಾಖಕ್ಕೆ ಇಡೀ ಬಾಗಿಲು ಅಲೆಯಲೆಯಾಗುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಹತ್ತಿರದಲ್ಲಿ ಪೆಟ್ರೋಲ್ ಟ್ಯಾಂಕ್ ಅಥವಾ ಪೈಪು ಇದ್ದರೆ ಕಾರಿನಿಂದ ಬಿಚ್ಚಿ ದೂರ ಇಡಬೇಕು. ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಒಳಗಿನ ಸ್ಪಂಜು, ಬಟ್ಟೆ ಹೊಗೆಯಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಬರಿ ಲೋಹ ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ತುಕ್ಕು ಹಿಡಿಯತೊಡಗುತ್ತದೆ. ಅಂದು ತೆರೆದ ಲೋಹಕ್ಕೆ ಅಂದೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಅಷ್ಟು ಸಮಯ ಇಲ್ಲದ ದಿನ ಕಡಿಮೆ ಜಾಗವನ್ನು ತೆರೆಯಿರಿ. ಪುಟ್ಟಿ ತೇವ ಹೀರುವ ವಸ್ತು, ಮೈಯನ್ನು ಸಮ ಮಾಡಲು ಹೊಡೆಯುವ ಸಾಧಾರಣ ಸರ್ಫೇಸರ್ ಪ್ರೈಮರಿನಲ್ಲೂ ಸೂಕ್ಷ್ಮ ರಂಧ್ರಗಳಿರುತ್ತವೆ. ಅದನ್ನಷ್ಟೇ ಹೊಡೆದು ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಅದರ ಕೆಳಗೇ ತುಕ್ಕು ಹರಡುತ್ತದೆ. ಪುಟ್ಟಿಯನ್ನು ಎಪಾಕ್ಸಿಯ ಮೇಲೆ ಹಾಕುವುದನ್ನು ನಾನು ಇಷ್ಟಪಡುವುದು ಈ ಕಾರಣಕ್ಕೆ. ಮೊದಲು ಸುತ್ತಿಗೆ ಮತ್ತು ಡಾಲಿಯಿಂದ (ತಗಡಿನ ಹಿಂದೆ ಒತ್ತಿ ಹಿಡಿಯುವ ಲೋಹದ ಗಟ್ಟಿಯಿಂದ) ತಗಡನ್ನು ಆದಷ್ಟು ನೇರ ಮಾಡಿ, ಉಜ್ಜಿ ಮುಗಿದ ಮೇಲೆ ಪುಟ್ಟಿ 3 ಮಿ.ಮೀ. ದಪ್ಪ ಮೀರದಂತೆ ನೋಡಿಕೊಳ್ಳಬೇಕು. ಪುಟ್ಟಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಸಾಕು. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಮುಂದೆ ಬಣ್ಣದಲ್ಲಿ ಕಲೆ ಏಳುತ್ತದೆ.

ಉಜ್ಜುವಾಗ ಬೆರಳುಗಳಿಂದ ಕಾಗದ ಹಿಡಿದರೆ ಬೆರಳಿನ ಸಾಲುಗಳು ಪುಟ್ಟಿಯಲ್ಲಿ ಮೂಡುತ್ತವೆ. ಉದ್ದನೆಯ ಮರದ ಹಲಗೆಗೆ ಕಾಗದ ಸುತ್ತಿ, 80ರ ಒರಟು ಕಾಗದದಿಂದ ಆರಂಭಿಸಿ 180, 320 ಹೀಗೆ ಸಂಖ್ಯೆ ಹೆಚ್ಚಿದಂತೆ ನಯವಾಗುವ ಕಾಗದಗಳಿಂದ ನಯಗೊಳಿಸುತ್ತಾ, ಓರೆ ಅಡ್ಡಗೆರೆಗಳಲ್ಲಿ ಉಜ್ಜಬೇಕು. ದಪ್ಪ ಪ್ರೈಮರ್ ಹೊಡೆದ ಮೇಲೆ ಅದರ ಮೇಲೆ ತೆಳುವಾಗಿ ಕಪ್ಪು ಬಣ್ಣದ ಹನಿಗಳನ್ನು ಸಿಂಪಡಿಸಿ ಒಣಗಿಸಿ. ಹಲಗೆ ಆಡಿಸಿದಂತೆ ಎತ್ತರದ ಜಾಗಗಳಲ್ಲಿ ಕಪ್ಪು ಮೊದಲು ಮಾಯವಾಗುತ್ತದೆ, ತಗ್ಗುಗಳಲ್ಲಿ ಉಳಿಯುತ್ತದೆ. ಕಣ್ಣಿಗಾಗಲಿ ಅಂಗೈಗಾಗಲಿ ಸಿಗದ ತಗ್ಗೂ ಇದರಿಂದ ಗೊತ್ತಾಗುತ್ತದೆ. ಆ ಕಲೆ ಹೋಗಲೆಂದು ಅಲ್ಲಿಯೇ ಒತ್ತಿ ಉಜ್ಜಿದರೆ ತಗ್ಗು ಇನ್ನಷ್ಟು ಆಳವಾಗುತ್ತದೆ. ಮತ್ತೊಂದು ಕೈ ಪ್ರೈಮರ್ ಹೊಡೆದು ಮೊದಲಿನಿಂದ ಉಜ್ಜುವುದೇ ಸರಿ. ಕಾರ್ಯಾಗಾರದಲ್ಲಿ ಗಂಟೆಯ ಲೆಕ್ಕದ ಒತ್ತಡದಲ್ಲಿ ಮೊಟಕಾಗುವ ಹಂತವಿದು. ಮನೆಯಲ್ಲಿ ದುಡಿಯುವವರು ಬಿಡುವು ಮಾಡಿಕೊಂಡು ಇದನ್ನು ನಮಗಿಂತ ಚೆನ್ನಾಗಿ ಮಾಡಬಲ್ಲರು.

ಮೇಲಿನ ಬಣ್ಣ ಆರಿಸುವ ಮೊದಲು ಕೆಳಗೆ ಉಳಿಯುವ ಹಳೆಯ ಬಣ್ಣ ಯಾವುದೆಂದು ತಿಳಿಯಬೇಕು. 1924ರ ಅಮೆರಿಕದ ಓಕ್‌ಲ್ಯಾಂಡ್ ಕಾರುಗಳೊಂದಿಗೆ ಹೆಸರು ಮಾಡಿದ ಡ್ಯೂಕೋ ಮಾದರಿಯ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅಂದರೆ ತಿನ್ನರ್ ಆರಿದೊಡನೆ ಬೇಗ ಒಣಗುವ ಬಣ್ಣ, ದಶಕಗಳ ಕಾಲ ಬಳಕೆಯಲ್ಲಿತ್ತು. ಕಾಣದ ಮೂಲೆಯಲ್ಲಿ ತಿನ್ನರಿನ ಬಟ್ಟೆಯಿಂದ ಒರೆಸಿದಾಗ ಬಣ್ಣ ಕರಗಿ ಬಂದರೆ ಅದು ಲ್ಯಾಕರ್. ಅದರ ಮೇಲೆ ನೇರವಾಗಿ ಕಟುವಾದ ತಿನ್ನರಿನ ಬಣ್ಣ ಹೊಡೆದರೆ ಕೆಳಪದರ ಸುಕ್ಕುಗಟ್ಟುತ್ತದೆ. ಇಂದಿನ ಎರಡು ಡಬ್ಬಿಯ ಪಾಲಿಯುರಿಥೇನ್ ಬಣ್ಣಗಳು ಗಟ್ಟಿಮುಟ್ಟು, ಹೊಳಪೂ ಚೆನ್ನ; ಆದರೆ ಅವುಗಳ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಸಿಂಪಡಿಸಿದಾಗ ಅದು ಉಸಿರಿನೊಂದಿಗೆ ಸೇರಿ ಆಸ್ತಮಾ ಹುಟ್ಟಿಸಬಲ್ಲದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಅಪಾಯಕಾರಿ. ಅಪಾಯದ ಮಟ್ಟದಲ್ಲಿಯೂ ವಾಸನೆ ಬರುವುದಿಲ್ಲವಾದ್ದರಿಂದ ಮಾಸ್ಕಿನ ಫಿಲ್ಟರ್ ಮುಗಿದದ್ದು ತಿಳಿಯುವುದೇ ಇಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖಕವಚ ಇಲ್ಲದೆ ಮನೆಯ ಗ್ಯಾರೇಜಿನಲ್ಲಿ ಇವನ್ನು ಸಿಂಪಡಿಸಲೇಬಾರದು. ಪ್ರೈಮರಿನವರೆಗೂ ಮನೆಯಲ್ಲಿ ಮಾಡಿ, ಕೊನೆಯ ಬಣ್ಣಕ್ಕೆ ಪೇಂಟ್ ಬೂತಿಗೆ ಕೊಂಡೊಯ್ಯುವುದರಲ್ಲಿ ಯಾವ ಕೊರತೆಯೂ ಇಲ್ಲ. ಎಪಾಕ್ಸಿ ಮತ್ತು ಪ್ರೈಮರ್ ಹಾಕುವಾಗಲೂ ಹಾರ್ಡನರಿನ ಡಬ್ಬಿಯನ್ನು ಓದಿ ನೋಡಿ.

ಮನೆಯಲ್ಲೇ ಲ್ಯಾಕರ್ ಹೊಡೆಯುವವರು ತಿನ್ನರಿನಂಥ ಸಾವಯವ ದ್ರಾವಕಗಳ ಆವಿ ತಡೆಯುವ ಮಾಸ್ಕ್ ಧರಿಸಿ, ಗಾಳಿಯಾಡುವ ಜಾಗದಲ್ಲಿ, ಬೆಂಕಿಯ ಕಿಡಿಯೂ ಸುಳಿಯದಂತೆ ಕೆಲಸ ಮಾಡಬೇಕು. ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಹನಿಯಾಗತೊಡಗುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಲಿ. ತೇವದ ದಿನ ಹೊಡೆದ ಲ್ಯಾಕರ್ ಬೂದುಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಕಂಪ್ರೆಸರಿನಲ್ಲಿ ಸೇರುವ ನೀರು ಗನ್ನಿಗೆ ಹೋಗದಂತೆ ಹಿಡಿದಿಡುವ ಟ್ರ್ಯಾಪ್ ಹಾಕಿ. ಸಿಲಿಕೋನ್ ಪಾಲಿಶ್ ಬಳಸಿದ ಕಾರಾದರೆ ಉಜ್ಜುವ ಮೊದಲೇ ಜಿಡ್ಡು ತೆಗೆಯುವ ದ್ರಾವಣದಿಂದ, ಒಂದು ಬಟ್ಟೆಯಲ್ಲಿ ಹಚ್ಚಿ ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಕುಳಿಗಳೇಳುತ್ತವೆ. ಬಣ್ಣ ಸಿಂಪಡಿಸುವ ಗನ್ನನ್ನು 15ರಿಂದ 20 ಸೆಂ.ಮೀ. ದೂರದಲ್ಲಿ, ಮೈಗೆ ಸಮಾನಾಂತರವಾಗಿ, ಪ್ರತಿ ಪಟ್ಟಿಯೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಸಾಗಿಸಬೇಕು.

ಬಣ್ಣ ಒಣಗಿದ ಮೇಲೆ ಬಾಗಿಲು ಮತ್ತು ಸಿಲ್ಲಿನ ಒಳಗೆ, ವೆಲ್ಡಿಂಗಿನ ಶಾಖಕ್ಕೆ ಪ್ರೈಮರ್ ಸುಟ್ಟುಹೋದ ಹಿಂಬದಿಗೆ, ಉದ್ದನೆಯ ಕೊಳವೆಯ ಮೂಲಕ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗಗಳ ಒಳಮೈಗೆ ತುಕ್ಕು ತಡೆಯಲು ಹಚ್ಚುವ ಮೇಣ) ಸಿಂಪಡಿಸಬೇಕು. ಅದು ಕೆಳಗಿನ ಸೀಳುಗಳಿಂದ ತೊಟ್ಟಿಕ್ಕಿ ನಿಂತ ನಂತರ ಪ್ರತಿಯೊಂದು ಸೀಳಿನಲ್ಲೂ ತಂತಿ ಆಡಿಸಿ ದಾರಿ ತೆರೆದಿದೆಯೇ ನೋಡಿ, ಆಮೇಲೆ ಹೊಸ ರಬ್ಬರ್ ಪಟ್ಟಿ ಮತ್ತು ಬೀಡಿಂಗ್ ಕೂರಿಸಬೇಕು. ಉಳಿದ ಬಣ್ಣವನ್ನು, ಹಾರ್ಡನರ್ ಬೆರೆಸದ್ದಾದರೆ, ಸಣ್ಣ ಗಾಜಿನ ಸೀಸೆಯಲ್ಲಿ ಬಾಯಿಯವರೆಗೂ ತುಂಬಿ ಬಿಗಿಯಾಗಿ ಮುಚ್ಚಿ, ಬಣ್ಣದ ಸಂಕೇತ ಮತ್ತು ದಿನಾಂಕ ಬರೆದಿಡಿ. ಮುಂದೆ ಕಲ್ಲು ತಗುಲಿ ಲೋಹ ಕಂಡ ದಿನವೇ ಸಣ್ಣ ಕುಂಚದಿಂದ ಪ್ರೈಮರ್ ತುಂಬಿ, ಒಣಗಿದ ಮೇಲೆ ಆ ಸೀಸೆಯ ಬಣ್ಣ ಹಚ್ಚಬಹುದು.