ಕುವೈತ್ ಸಂಸತ್ತಿಗೆ ಮೂರನೇ ಸಲ ಬೀಗ ಬಿದ್ದದ್ದು ಹೇಗೆ?

2024ರ ಏಪ್ರಿಲ್ 4ರಂದು ಕುವೈತಿನ ಜನ ಹೊಸ ಸಂಸತ್ತನ್ನು ಆರಿಸಿದರು. ಆ ಸಂಸತ್ತು ಒಂದು ದಿನವೂ ಸೇರಲಿಲ್ಲ. ಮೇ 10ರಂದು ಟಿವಿಯಲ್ಲಿ ಮಾತನಾಡಿದ ಅಲ್ಲಿನ ದೊರೆ, ಅಂದರೆ ಅಮೀರ್, ಶೇಖ್ ಮಿಶಾಲ್ ಅದನ್ನು ವಿಸರ್ಜಿಸಿಬಿಟ್ಟರು. ಸಂವಿಧಾನದ ಕೆಲವು ವಿಧಿಗಳನ್ನೂ ಹೆಚ್ಚೆಂದರೆ ನಾಲ್ಕು ವರ್ಷ ಅಮಾನತಿನಲ್ಲಿ ಇಡುವುದಾಗಿ ಹೇಳಿದರು.

ನಮ್ಮ ಕರಾವಳಿಯಲ್ಲಿ ಕುವೈತ್ ಅಂದರೆ ದಿನಾರ್, ವೀಸಾ, ರಜೆಗೆ ಊರಿಗೆ ಬರುವ ಅಣ್ಣ. ಅಲ್ಲೊಂದು ಸಂಸತ್ತು ಇತ್ತು ಅನ್ನುವುದು ಮಾತಿಗೇ ಬರುವುದಿಲ್ಲ. ಬರಲು ಕಾರಣವೂ ಇಲ್ಲ, ಅಲ್ವಾ? ಹತ್ತಿರ ಹತ್ತಿರ 10 ಲಕ್ಷ ಭಾರತೀಯರು ಅಲ್ಲಿದ್ದರೂ ಮತ ಹಾಕುತ್ತಿದ್ದವರು ಕುವೈತಿ ಪ್ರಜೆಗಳು ಮಾತ್ರ. ಆದರೂ ಕೊಲ್ಲಿಯ ರಾಜ್ಯಗಳಲ್ಲಿ ರಾಜಮನೆತನದ ಮಂತ್ರಿಯನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಕೇಳುವಷ್ಟು ಧೈರ್ಯ ಇದ್ದ ಸಭೆ ಇದು.

ಆ ಧೈರ್ಯ ತೈಲಕ್ಕಿಂತ ಹಳೆಯದು. ತೈಲದ ದುಡ್ಡು ಬರುವ ಮೊದಲು ಅಲ್ಲಿ ಮುತ್ತಿನ ವ್ಯಾಪಾರ, ಮುಂಬಯಿವರೆಗೂ ಹೋಗುವ ಹಾಯಿಹಡಗುಗಳು. ಚಲಾವಣೆಯಲ್ಲಿ ಇದ್ದದ್ದು ನಮ್ಮ ರೂಪಾಯಿ. ದುಡ್ಡು ವ್ಯಾಪಾರಿಗಳ ಕೈಯಲ್ಲಿತ್ತು, ದೊರೆ ಅವರ ಸುಂಕದ ಮೇಲೆ ಬದುಕಬೇಕಿತ್ತು. ಕೊಡುವವನು ಲೆಕ್ಕ ಕೇಳುತ್ತಾನೆ. 1938ರಲ್ಲಿ ವ್ಯಾಪಾರಿ ಮನೆತನಗಳು ಸೇರಿ 14 ಜನರ ಸಭೆಯೊಂದನ್ನು ಆರಿಸಿದವು. ಆರು ತಿಂಗಳಲ್ಲೇ ಅದನ್ನು ಮುಚ್ಚಲಾಯಿತು. ಅದೇ ವರ್ಷ ಕುವೈತಿನ ಬುರ್ಗಾನ್‌ನಲ್ಲಿ ತೈಲ ಸಿಕ್ಕಿತ್ತು. ಎರಡನೇ ಮಹಾಯುದ್ಧ ಮುಗಿದು ರಫ್ತು ಶುರುವಾದ ಮೇಲೆ ದೊರೆಗೆ ವ್ಯಾಪಾರಿಗಳ ಹಂಗು ಉಳಿಯಲಿಲ್ಲ.

ಹಾಗಾದರೆ 1962ರಲ್ಲಿ ಸಂವಿಧಾನ ಯಾಕೆ ಕೊಟ್ಟರು? ಪಕ್ಕದ ಮನೆಯ ಭಯ ಅದಕ್ಕೊಂದು ದೊಡ್ಡ ಕಾರಣ. 1961ರ ಜೂನ್ 19ರಂದು ಬ್ರಿಟನ್ ಕುವೈತನ್ನು ಸ್ವತಂತ್ರ ದೇಶ ಎಂದು ಒಪ್ಪಿತು. ವಾರ ಕಳೆಯುವಷ್ಟರಲ್ಲಿ ಇರಾಕಿನ ಪ್ರಧಾನಿ ಅಬ್ದುಲ್ ಕರೀಂ ಕಾಸಿಂ ಕುವೈತ್ ತಮ್ಮದೇ ಭಾಗ ಎಂದರು. ಬ್ರಿಟಿಷ್ ಸೈನ್ಯ ಓಡಿ ಬಂತು, ಆಮೇಲೆ ಅರಬ್ ಲೀಗ್‌ನ ಪಡೆ ಬಂತು. ಪರರ ಬಂದೂಕಿನಿಂದ ಎಷ್ಟು ದಿನ ದೇಶ ಉಳಿಸಿಕೊಳ್ಳುವುದು? ಈ ಆಳ್ವಿಕೆ ನಮ್ಮದು ಅಂತ ಸ್ವಂತ ಜನ ಹೇಳಬೇಕಿತ್ತು. ಅಮೀರ್ ಅಬ್ದುಲ್ಲಾ ಅಲ್ ಸಾಲಿಂ ಅದನ್ನು ಅರಿತಿದ್ದರು. 1963ರ ಜನವರಿಯಲ್ಲಿ 50 ಜನರ ಮೊದಲ ಸಂಸತ್ತು ಆಯ್ಕೆಯಾಯಿತು.

ತೊಡಕು ಹುಟ್ಟಿನಿಂದಲೇ ಇತ್ತು. ಸಂಸತ್ತು ಕಾನೂನನ್ನು ತಡೆಯಬಹುದಿತ್ತು, ಆದರೆ ಸರ್ಕಾರ ರಚಿಸುವಂತಿರಲಿಲ್ಲ. ಪ್ರಧಾನಿಯನ್ನು ನೇಮಿಸುವುದು ಅಮೀರ್, ಪ್ರಧಾನಿಯಾಗುವುದು ಯಾವಾಗಲೂ ಅಲ್ ಸಬಾಹ್ ರಾಜಮನೆತನದವರೇ. ರಾಜಕೀಯ ಪಕ್ಷಗಳಿಗೆ ಕಾನೂನಿನ ಮಾನ್ಯತೆಯೂ ಇಲ್ಲ. ಆದರೆ ಒಬ್ಬನೇ ಒಬ್ಬ ಸದಸ್ಯ ಮಂತ್ರಿಯನ್ನು ವಿಚಾರಣೆಗೆ ಕರೆಯಬಹುದಿತ್ತು. ಅಧಿಕಾರದ ಹೊಣೆ ಇಲ್ಲದವರ ಕೈಗೆ ಅಡ್ಡ ಹಾಕುವ ಬಲ ಮಾತ್ರ ಕೊಟ್ಟರೆ ಅವರು ಅಡ್ಡವೇ ಹಾಕುತ್ತಾರೆ. ಸಂಸತ್ತಿನಿಂದಲೇ ದೇಶ ನಿಂತಲ್ಲೇ ನಿಂತಿದೆ ಎಂದು ಇವತ್ತು ದೂರುವವರು ಈ ಏರ್ಪಾಟಿನ ಬಗ್ಗೆ ಸುಮ್ನೆ ಇರುತ್ತಾರೆ.

ಸಂವಿಧಾನದ ವಿಧಿಗಳನ್ನೂ ಅಮಾನತಿನಲ್ಲಿಟ್ಟು ಸಂಸತ್ತಿಗೆ ಹಾಕಿದ ಮೊದಲ ಬೀಗ 1976ರಲ್ಲಿ. ಲೆಬನಾನ್ ಅಂತರ್ಯುದ್ಧದಲ್ಲಿ ಉರಿಯುತ್ತಿದ್ದ ಕಾಲ ಅದು. 1981ರಲ್ಲಿ ಬಾಗಿಲು ತೆರೆಯಿತು. ಎರಡನೆಯದು 1986ರಲ್ಲಿ. ಇರಾನ್ ಇರಾಕ್ ಯುದ್ಧ ಹತ್ತಿರದಲ್ಲೇ ನಡೆಯುತ್ತಿತ್ತು, ತೈಲದ ಬೆಲೆ ಕುಸಿದಿತ್ತು. ಸೂಕ್ ಅಲ್ ಮನಾಖ್ ಎಂಬ ಷೇರುಪೇಟೆ 1982ರಲ್ಲಿ ಮುಂದಿನ ತಾರೀಖಿನ ಚೆಕ್ಕುಗಳ ರಾಶಿಯಡಿ ಮುಳುಗಿತ್ತು. ಅದರಲ್ಲಿ ಯಾರ ಕೈವಾಡ ಎಷ್ಟು ಎಂದು ಸದಸ್ಯರು ಕೆದಕತೊಡಗಿದ್ದರು. ಸಂಸತ್ತು ಮುಚ್ಚಿದರೂ ಮಾತು ನಿಲ್ಲಲಿಲ್ಲ. ಕುವೈತಿ ಮನೆಗಳಲ್ಲಿ ಗಂಡಸರು ಕೂತು ಹರಟುವ ಪಡಸಾಲೆಗೆ ದಿವಾನಿಯಾ ಎನ್ನುತ್ತಾರೆ. 1989ರ ಕೊನೆಯಿಂದ ಸೋಮವಾರ ಸಂಜೆಯ ದಿವಾನಿಯಾಗಳೇ ಚಳವಳಿಯಾದವು.

1990ರ ಆಗಸ್ಟ್ 2ರಂದು ಸದ್ದಾಂ ಸೈನ್ಯ ನುಗ್ಗಿತು. ಆಗ ವಿಮಾನದಲ್ಲಿ ಭಾರತಕ್ಕೆ ವಾಪಸ್ಸಾದ ಲಕ್ಷಕ್ಕೂ ಮಿಕ್ಕಿದ ಜನರಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆಯವರೂ ಇದ್ದರು. ಸೌದಿಗೆ ಓಡಿಹೋಗಿದ್ದ ರಾಜಮನೆತನ ಅಕ್ಟೋಬರಿನಲ್ಲಿ ಜೆಡ್ಡಾದಲ್ಲಿ ವಿರೋಧಿಗಳ ಜೊತೆಗೇ ಕೂರಬೇಕಾಯಿತು. ದೇಶ ಮರಳಿ ಸಿಕ್ಕರೆ 1962ರ ಸಂವಿಧಾನವೂ ಮರಳುತ್ತದೆ ಎಂಬ ಮಾತು ಆಯಿತು. 1992ರಲ್ಲಿ ಚುನಾವಣೆ ನಡೆಯಿತು. ಹೊರಗಿನ ಇರಾಕ್ ಎರಡು ಸಲ ಕುವೈತಿಗರಿಗೆ ಮತಪೆಟ್ಟಿಗೆ ತಂದುಕೊಟ್ಟಿತು ಅನ್ನಬಹುದು.

ಆದರೆ ಸಂಸತ್ತನ್ನು ಸುಧಾರಕರ ಮನೆ ಅಂದುಕೊಂಡರೆ ತಪ್ಪು. ಹೆಂಗಸರಿಗೆ ಮತ ಕೊಡುವ ಆಜ್ಞೆ ಹೊರಡಿಸಿದ್ದು 1999ರಲ್ಲಿ ಅಮೀರ್ ಜಾಬಿರ್. ತಳ್ಳಿಹಾಕಿದ್ದು ಗಂಡಸರೇ ಆರಿಸಿದ ಸಂಸತ್ತು. ನಂತರ ಬಂದ ಮಸೂದೆ ಎರಡೇ ಮತಗಳಲ್ಲಿ ಬಿತ್ತು. 2005ರ ಮೇನಲ್ಲಿ ಪರ 35, ವಿರುದ್ಧ 23 ಮತ ಬಿದ್ದು ಅದು ಕೊನೆಗೂ ಪಾಸಾಯಿತು. 2009ರಲ್ಲಿ ನಾಲ್ವರು ಮಹಿಳೆಯರು ಗೆದ್ದು ಬಂದರು. ಇದೇ ಸಂಸತ್ತು 2006ರಲ್ಲಿ ತೀರಾ ಕಾಯಿಲೆ ಬಿದ್ದಿದ್ದ ಅಮೀರ್ ಸಾದ್ ಅವರನ್ನು ಮತ ಹಾಕಿ ಪದವಿಯಿಂದ ಇಳಿಸಿತ್ತು. ಕೊಲ್ಲಿಯ ರಾಜಮನೆತನಗಳಲ್ಲಿ ಇಂಥದ್ದು ಕೇಳಿದವರು ಯಾರು?

2011ರ ಅರಬ್ ಬಂಡಾಯದ ಗಾಳಿ ಇಲ್ಲಿಗೂ ಬೀಸಿತು. ಭ್ರಷ್ಟಾಚಾರದ ವಿರುದ್ಧ ಸಿಟ್ಟಿಗೆದ್ದವರು ನವೆಂಬರಿನಲ್ಲಿ ಸಂಸತ್ತಿನೊಳಗೇ ನುಗ್ಗಿದರು, ಪ್ರಧಾನಿ ರಾಜೀನಾಮೆ ಕೊಟ್ಟರು. ಮರುವರ್ಷ ಅಮೀರ್ ಮತದಾನದ ನಿಯಮವನ್ನೇ ಬದಲಿಸಿದರು. ಪ್ರತಿ ಮತದಾರನಿಗೆ ಇದ್ದ ನಾಲ್ಕು ಮತ ಒಂದಾಯಿತು. ನಾಲ್ಕು ಮತ ಇದ್ದಾಗ ಗುಂಪುಗಳು ಹೊಂದಿಕೊಂಡು ಒಬ್ಬರನ್ನೊಬ್ಬರು ಗೆಲ್ಲಿಸುತ್ತಿದ್ದವು. ಒಂದೇ ಆದಾಗ ಆ ಹೊಂದಾಣಿಕೆ ಒಡೆಯಿತು. ಅಲ್ಲಿಂದ ಮುಂದೆ ವಿಸರ್ಜನೆ, ಕೋರ್ಟು, ಮತ್ತೆ ಚುನಾವಣೆ. 2020ರ ಕೊನೆಯಿಂದ 2024ರ ಏಪ್ರಿಲ್‌ವರೆಗೆ ನಾಲ್ಕು ಸಲ ಮತದಾನ ನಡೆಯಿತು. ಜನರಿಗೂ ಬೇಸರ ಬಂದಿತ್ತು. ಹಾಗಾಗಿಯೇ ಮೂರನೇ ಬೀಗಕ್ಕೆ ಬೀದಿಯಲ್ಲಿ ಗದ್ದಲ ಆಗಲಿಲ್ಲ.

ಈಗ ಆಜ್ಞೆಗಳು ಬೇಗ ಹೊರಡುತ್ತವೆ. ಸಂಸತ್ತು ವರ್ಷಗಟ್ಟಲೆ ತಡೆದಿದ್ದ ಸರ್ಕಾರಿ ಸಾಲದ ಕಾನೂನು 2025ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅದೇ ವೇಗದಲ್ಲಿ ಸಾವಿರಾರು ಜನರ ಕುವೈತಿ ಪೌರತ್ವವೂ ರದ್ದಾಗಿದೆ. ಕುವೈತಿ ಗಂಡನನ್ನು ಮದುವೆಯಾಗಿ ಪೌರತ್ವ ಪಡೆದಿದ್ದ ಹೆಂಗಸರು ಇವರಲ್ಲಿ ಬಹಳ. ಅವರ ಪರವಾಗಿ ಮಂತ್ರಿಯನ್ನು ವಿಚಾರಣೆಗೆ ಕರೆಯಲು ಒಬ್ಬ ಸದಸ್ಯನೂ ಈಗ ಇಲ್ಲ.