ಬಾದಾಮಿಯನ್ನು ಶಾಸನಗಳ ಜಾಡಿನಲ್ಲಿ ಸುತ್ತುವುದು ಹೇಗೆ?

ಬಾದಾಮಿಗೆ ಹೋದವರಲ್ಲಿ ಹೆಚ್ಚಿನವರು ಗುಹೆಗಳನ್ನು ಹತ್ತಿ, ನಟರಾಜನ ಮುಂದೆ ಫೋಟೊ ತೆಗೆಸಿಕೊಂಡು, ಮಧ್ಯಾಹ್ನಕ್ಕೆ ಪಟ್ಟದಕಲ್ಲಿನ ಬಸ್ಸು ಹಿಡಿಯುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಮಾಡಿದೆ. ಮನೆಗೆ ಬಂದು ಚಾಲುಕ್ಯರ ಅಧ್ಯಾಯ ತೆರೆದು ಕೂತರೆ, ಪುಸ್ತಕದ ಇಸವಿಗಳಿಗೂ ನೋಡಿ ಬಂದ ಕಲ್ಲುಗಳಿಗೂ ತಾಳೆಯೇ ಆಗಲಿಲ್ಲ. ಒಂದನೇ ಪುಲಕೇಶಿ, ಎರಡನೇ ಪುಲಕೇಶಿ, ಒಂದನೇ ವಿಕ್ರಮಾದಿತ್ಯ, ಎರಡನೇ ವಿಕ್ರಮಾದಿತ್ಯ, ಎಲ್ಲರೂ ಕಲಸಿಹೋದರು. ಎರಡನೇ ಸಲ ಹೋದಾಗ ಗುಡಿಗಳ ಪಟ್ಟಿ ಬಿಟ್ಟು, ಶಾಸನಗಳನ್ನೇ ದಾರಿಗುರುತು ಮಾಡಿಕೊಂಡು ತಿರುಗಿದೆ. ಅಂದಿನಿಂದ ಈ ರಾಜವಂಶ ನನಗೆ ಬಾಯಿಪಾಠ ಮಾಡುವ ವಿಷಯವಾಗಿ ಉಳಿದಿಲ್ಲ. ಜೊತೆಗೆ ಓದುತ್ತಿರುವ ನಿಮಗೂ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಕೈಯಲ್ಲಿರಲಿ. ಇಲ್ಲಿ ಕಾಲ ಹೇಳುವ ಶಾಸನಗಳು ಶಕವರ್ಷದಲ್ಲಿ ಮಾತಾಡುತ್ತವೆ. ಅದಕ್ಕೆ 78 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ.

ಊರಿನ ಲಕ್ಷಣ

ಕೆಂಪು ಮರಳುಗಲ್ಲಿನ ಎರಡು ಗುಡ್ಡ, ಉತ್ತರಕ್ಕೊಂದು ದಕ್ಷಿಣಕ್ಕೊಂದು. ನಡುವೆ ಅಗಸ್ತ್ಯ ತೀರ್ಥವೆಂಬ ಕೆರೆ. ಕೆರೆಯ ಪಡುವಣ ಬದಿಗೆ ಊರು, ಮೂಡಣ ತುದಿಗೆ ಭೂತನಾಥ ಗುಡಿಗಳು. ನಾಲ್ಕು ಗುಹೆಗಳಿರುವುದು ದಕ್ಷಿಣದ ಗುಡ್ಡದಲ್ಲಿ. ಉತ್ತರದ ಗುಡ್ಡದ ಬುಡದಲ್ಲಿ ವಸ್ತುಸಂಗ್ರಹಾಲಯ, ಮೇಲೆ ಕೋಟೆ ಮತ್ತು ಶಿವಾಲಯಗಳು. ಇಷ್ಟು ನಕ್ಷೆಯನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆದುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ಕೂರುತ್ತದೆ.

ಹಳೆಯ ಹೆಸರು ವಾತಾಪಿ. ಊಟವಾದ ಮೇಲೆ ಮಗುವಿನ ಹೊಟ್ಟೆ ಸವರಿ ಅಜ್ಜಿಯರು 'ಜೀರ್ಣ ಜೀರ್ಣ ವಾತಾಪಿ ಜೀರ್ಣ' ಎನ್ನುತ್ತಾರಲ್ಲ, ಆ ವಾತಾಪಿಯ ಹೆಸರೇ ಇದು. ಇಲ್ವಲ ಮತ್ತು ವಾತಾಪಿ ಎಂಬ ಅಸುರ ಸೋದರರ ಕಥೆಯಲ್ಲಿ ವಾತಾಪಿಯನ್ನು ತಿಂದು ಅರಗಿಸಿಕೊಂಡವರು ಅಗಸ್ತ್ಯರು. ಕೆರೆಗೆ ಅವರ ಹೆಸರು ಬಂದದ್ದು ಹೀಗೆ.

ಮೊದಲ ಬರಹ: ಕೋಟೆ ಕಟ್ಟಿದ್ದು

ಸುತ್ತಾಟವನ್ನು ಗುಹೆಗಳಿಂದ ಶುರು ಮಾಡಬೇಡಿ. ಉತ್ತರದ ಗುಡ್ಡದ ಬಂಡೆಯ ಮೇಲೆ ಶಕ 465ರ, ಅಂದರೆ 543ರ ಒಂದು ಪುಟ್ಟ ಸಂಸ್ಕೃತ ಶಾಸನವಿದೆ. ವಲ್ಲಭೇಶ್ವರನೆಂಬ ಚಾಲುಕ್ಯ ದೊರೆ ಈ ಗುಡ್ಡವನ್ನು ಕೆಳಗಿನಿಂದಲೂ ಮೇಲಿನಿಂದಲೂ ಗೆಲ್ಲಲಾಗದ ಕೋಟೆಯಾಗಿ ಮಾಡಿಸಿದ ಎನ್ನುವುದು ಅದರ ಸಾರ. ಈ ವಲ್ಲಭೇಶ್ವರನೇ ಒಂದನೇ ಪುಲಕೇಶಿ. ಅಶ್ವಮೇಧ ಮಾಡಿದವನೆಂದೂ ಅದರಲ್ಲೇ ಹೇಳಿದೆ. ಬಾದಾಮಿ ಚಾಲುಕ್ಯರ ಆಳ್ವಿಕೆ 543ರಿಂದ ಎಂದು ಪುಸ್ತಕಗಳು ಹೇಳುವುದು ಈ ಬಂಡೆಯ ಬಲದಿಂದ. ವಸ್ತುಸಂಗ್ರಹಾಲಯದ ಪಕ್ಕದಿಂದ ಕೋಟೆಗೆ ಹತ್ತುವ ದಾರಿ ಎತ್ತರದ ಎರಡು ಬಂಡೆಗಳ ನಡುವಿನ ಸೀಳಿನಲ್ಲಿ ಸಾಗುತ್ತದೆ. ಅಲ್ಲಿ ನಿಂತು ಮೇಲೆ ನೋಡಿದರೆ, ಈ ಜಾಗವನ್ನೇ ರಾಜಧಾನಿಗೆ ಯಾಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ಮೇಲೆ ಹೋದವರು ಮೇಲಿನ ಶಿವಾಲಯವನ್ನೂ ಬಂಡೆಯ ನೆತ್ತಿಯಲ್ಲಿ ಒಂಟಿಯಾಗಿ ನಿಂತ ಮಾಲೆಗಿತ್ತಿ ಶಿವಾಲಯವನ್ನೂ ನೋಡದೆ ಇಳಿಯಬೇಡಿ. ಮಾಲೆಗಿತ್ತಿ ಎಂದರೆ ಹೂಮಾಲೆ ಕಟ್ಟುವವಳು. ಈ ಹೆಸರು ಮನಸ್ಸಿನಲ್ಲಿರಲಿ, ಮೂರನೇ ಗುಹೆಯಲ್ಲಿ ಮತ್ತೆ ಬೇಕಾಗುತ್ತದೆ.

ಎರಡನೆಯದು: ಕಲ್ಮನೆ

ಈಗ ದಕ್ಷಿಣದ ಗುಡ್ಡಕ್ಕೆ ಬನ್ನಿ. ಒಂದನೇ ಗುಹೆ ಶಿವನದು, ಎರಡು ಮತ್ತು ಮೂರು ವಿಷ್ಣುವಿನವು, ಎಲ್ಲಕ್ಕಿಂತ ಮೇಲಿರುವ ನಾಲ್ಕನೆಯದು ಜೈನರದು. ಒಂದನೆಯದರ ಹೊರಗೆ ಬಲಬದಿಯ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜ. ಎಲ್ಲರೂ ಅಲ್ಲೇ ಗುಂಪುಗೂಡುತ್ತಾರೆ. ನೀವು ಎಡಬದಿಯ ದ್ವಾರಪಾಲಕನನ್ನೂ ನೋಡಿ. ಅವನ ಕೆಳಗೆ ಆನೆಯನ್ನೂ ಎತ್ತನ್ನೂ ಒಂದೇ ತಲೆಯಲ್ಲಿ ಕೂಡಿಸಿದ ಕೆತ್ತನೆಯಿದೆ. ಒಂದು ಬದಿಯ ಮೈಯನ್ನು ಅಂಗೈಯಿಂದ ಮರೆಮಾಡಿದರೆ ಎತ್ತು, ಇನ್ನೊಂದನ್ನು ಮರೆಮಾಡಿದರೆ ಆನೆ. ನನ್ನ ಜೊತೆ ಬಂದಿದ್ದ ಅಕ್ಕನ ಮಗಳು ಅಲ್ಲಿಂದ ಕದಲಲು ಒಪ್ಪಲಿಲ್ಲ, ಕೈ ಅತ್ತಿತ್ತ ಆಡಿಸುತ್ತಲೇ ಇದ್ದಳು.

ಎರಡನೆಯದನ್ನು ಬೇಗ ನೋಡಿ ಮುಗಿಸಬಹುದು. ಅಲ್ಲಿರುವ ತ್ರಿವಿಕ್ರಮ ಮತ್ತು ವರಾಹ ಮೂರನೆಯದರಲ್ಲಿ ಇನ್ನೂ ದೊಡ್ಡದಾಗಿ ಬರುತ್ತವೆ. ಉಳಿಸಿದ ಹೊತ್ತನ್ನೆಲ್ಲ ಮೂರನೇ ಗುಹೆಗೆ ಕೊಡಿ. ಅನಂತನ ಸುರುಳಿಯ ಮೇಲೆ ನೆಟ್ಟಗೆ ಕೂತ ವಿಷ್ಣು, ನರಸಿಂಹ, ಹರಿಹರ, ಕಂಬದ ತಲೆಗಳಲ್ಲಿ ಬೋದಿಗೆಯಂತೆ ಒರಗಿದ ಜೋಡಿಗಳು, ಸೂರಿನ ಅಡಿಯಲ್ಲಿ ಮಾಸಿ ಉಳಿದ ಬಣ್ಣದ ಚಿತ್ರಗಳು ಎಲ್ಲವೂ ಇಲ್ಲಿವೆ. ಆದರೆ ಓದುವವರಿಗೆ ಇದರ ಬೆಲೆ ಇನ್ನೊಂದು ಕಾರಣಕ್ಕೆ. ಈ ಗುಹೆಗೆ ತಾರೀಖಿದೆ.

ಇಲ್ಲಿರುವ ಸಂಸ್ಕೃತ ಶಾಸನ ಹೇಳುವುದು: ಶಕ 500, ಕಾರ್ತಿಕ ಹುಣ್ಣಿಮೆ, ಒಂದನೇ ಪುಲಕೇಶಿಯ ಮಗ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೇ ವರ್ಷ. ಅವನ ತಮ್ಮ ಮಂಗಳೇಶ ಈ ವಿಷ್ಣುಗೃಹವನ್ನು ಮಾಡಿಸಿ, ಪುಣ್ಯವನ್ನು ಅಣ್ಣನಿಗೆ ಒಪ್ಪಿಸಿದ. 500ಕ್ಕೆ 78 ಸೇರಿಸಿದರೆ 578. ಅದರಿಂದ ಹನ್ನೆರಡು ವರ್ಷ ಹಿಂದೆ ಎಣಿಸಿದರೆ ಕೀರ್ತಿವರ್ಮ ಪಟ್ಟಕ್ಕೆ ಬಂದದ್ದು 566ರ ಸುಮಾರಿಗೆ. ಪಠ್ಯಪುಸ್ತಕದಲ್ಲಿ ಆವರಣದೊಳಗೆ ಅಚ್ಚಾಗಿರುವ ಆ ಇಸವಿ ಹುಟ್ಟಿದ್ದು ಎಲ್ಲಿಂದ ಎಂದು ಈಗ ಕಾಣುತ್ತದಲ್ಲವೆ? ಶಿಲ್ಪದ ಶೈಲಿ ನೋಡಿ ಉಳಿದ ಗುಹೆಗಳ ಕಾಲವನ್ನು ಹಿಂದು ಮುಂದು ಎನ್ನುವಾಗಲೂ ವಿದ್ವಾಂಸರು ಗೂಟವಾಗಿ ಹಿಡಿಯುವುದು 578ನ್ನೇ.

ಅಲ್ಲೇ ಮಂಗಳೇಶನ ಒಂದು ಕನ್ನಡ ಶಾಸನವೂ ಇದೆ. ಈ ಗುಹೆಯನ್ನು ಅದು ಕರೆಯುವುದು 'ಕಲ್ಮನೆ' ಎಂದು. ಕಲ್ಲಿನ ಮನೆ. ಸಂಸ್ಕೃತದಲ್ಲಿ ಮಹಾವಿಷ್ಣುಗೃಹ, ಕನ್ನಡದಲ್ಲಿ ಕಲ್ಮನೆ, ಎರಡೂ ಒಂದೇ ಜಾಗದ ಹೆಸರು. ಲಂಜಿಗೇಸರ ಎಂಬ ಹಳ್ಳಿಯನ್ನು ದತ್ತಿ ಬಿಟ್ಟಿದ್ದು, ದೇವರಿಗೆ ಹೂವು ಒದಗಿಸುವ ಮಾಲೆಗಾರರಿಗೆ ಸಲ್ಲುವ ಪಾಲು, ಇವು ಅದರ ವಿಷಯ. ಎದುರು ಗುಡ್ಡದ ಮಾಲೆಗಿತ್ತಿ ನೆನಪಾಗುವುದು ಇಲ್ಲಿಯೇ. ಎರಡಕ್ಕೂ ನೇರ ನಂಟು ಕಟ್ಟುವಷ್ಟು ಆಧಾರವಿಲ್ಲ, ಕಟ್ಟಲೂಬಾರದು. ಆದರೆ ರಾಜನ ಬಿರುದುಗಳ ಜೊತೆಗೇ ಹೂ ಕಟ್ಟುವವರ ಲೆಕ್ಕವೂ ಕಲ್ಲಿಗೆ ಬಿತ್ತು ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ನಾಲ್ಕನೇ ಗುಹೆಯ ಬಾಹುಬಲಿ ಮತ್ತು ಪಾರ್ಶ್ವನಾಥರನ್ನು ನೋಡಿ ಹಿಂತಿರುಗಿದರೆ ಕೆಳಗೆ ಇಡೀ ಕೆರೆ ಕಾಣುತ್ತದೆ. ಕೋತಿಗಳ ಕಾಟ ಈ ಮೆಟ್ಟಿಲುಗಳಲ್ಲಿ ಜಾಸ್ತಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಹತ್ತಬೇಡಿ.

ಐಹೊಳೆಗೆ ಹೋಗಿ ಬರಬೇಕು, ಯಾಕೆಂದರೆ

ಎರಡನೇ ಪುಲಕೇಶಿಯ ಕಥೆ ಬಾದಾಮಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಸುಮಾರು 35 ಕಿಲೋಮೀಟರ್ ದೂರದ ಐಹೊಳೆಯ ಮೇಗುಟಿ ಗುಡ್ಡ ಹತ್ತಬೇಕು. ಅಲ್ಲಿನ ಜಿನಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿ ಬರೆದ ಸಂಸ್ಕೃತ ಪ್ರಶಸ್ತಿ, ಅಂದರೆ ರಾಜನನ್ನು ಹೊಗಳುವ ಶಾಸನ, ಇದೆ. ಕನ್ನಡ ಶಾಸನವೆಂದು ತಪ್ಪಾಗಿ ಬರೆಯುವವರು ಬಹಳ, ಗಮನಿಸಿ. ಶಕ 556, ಅಂದರೆ 634. ಭಾರತಯುದ್ಧದಿಂದ 3735 ವರ್ಷ ಎಂಬ ಎರಡನೇ ಲೆಕ್ಕವನ್ನೂ ಕವಿ ಕೊಟ್ಟಿದ್ದಾನೆ.

ಉತ್ತರದ ಹರ್ಷವರ್ಧನನನ್ನು ಸೋಲಿಸಿದ ಸಾಲಿನಲ್ಲಿ ಒಂದು ಶ್ಲೇಷೆಯಿದೆ: 'ಭಯವಿಗಲಿತಹರ್ಷೋ ಯೇನ ಚಾಕಾರಿ ಹರ್ಷಃ'. ಹರ್ಷನ ಹರ್ಷ ಭಯದಿಂದ ಜಾರಿಹೋಯಿತು. ಕನ್ನಡದಲ್ಲಿಯೂ ಆ ಪದ ಹಾಗೆಯೇ ಕೂರುವುದರಿಂದ ಇದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಕೊನೆಯಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ ಮತ್ತು ಭಾರವಿಗೆ ಹೋಲಿಸಿಕೊಳ್ಳುತ್ತಾನೆ. ಈ ಹೋಲಿಕೆಯಿಂದ ನಮಗೆ ದೊಡ್ಡ ಉಪಕಾರವಾಗಿದೆ: 634ರ ಹೊತ್ತಿಗೆ ಇಬ್ಬರೂ ಹೆಸರುವಾಸಿಯಾಗಿದ್ದರು, ಹಾಗಾಗಿ ಅವರ ಕಾಲ ಅದಕ್ಕಿಂತ ಈಚೆ ಇರಲು ಸಾಧ್ಯವಿಲ್ಲ.

ಐಹೊಳೆಯಲ್ಲಿ ಇನ್ನೊಂದು ಎಚ್ಚರಿಕೆ. ದುರ್ಗ ಗುಡಿಗೆ ಆ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ. ಕೋಟೆಗೆ, ಅಂದರೆ ದುರ್ಗಕ್ಕೆ, ತಾಗಿಕೊಂಡಿದ್ದರಿಂದ ಬಂದದ್ದು.

ಸೋಲಿನ ಗುರುತು

634ರಲ್ಲಿ ಇಷ್ಟು ಮೆರೆದ ಎರಡನೇ ಪುಲಕೇಶಿಯ ರಾಜಧಾನಿ 642ರಲ್ಲಿ ಪಲ್ಲವ ನರಸಿಂಹವರ್ಮನ ಕೈಸೇರಿತು. ವಾತಾಪಿಕೊಂಡ, ಅಂದರೆ ವಾತಾಪಿಯನ್ನು ಗೆದ್ದವನು, ಎಂಬ ಬಿರುದು ಅವನಿಗೆ ಬಂದದ್ದು ಆಗ. ಬಾದಾಮಿಯ ಊರೊಳಗೆ, ಒಂದು ಗುಡಿಯ ಹಿಂದಿನ ಬಂಡೆಯಲ್ಲಿ, ಅವನ ಸವೆದುಹೋದ ಶಾಸನವಿದೆ. ಗೆದ್ದವನು ಸೋತವನ ಊರಿನ ಕಲ್ಲಿಗೇ ಹಾಕಿದ ಮೊಹರು ಅದು. ಮಾಹಿತಿ ಫಲಕಗಳು ಕಣ್ಣಿಗೆ ಬೀಳದ ಜಾಗ, ಕೇಳಿಕೊಂಡು ಹೋಗಬೇಕು. ಒಂದನೇ ವಿಕ್ರಮಾದಿತ್ಯ ಊರನ್ನು ಮರಳಿ ಗೆದ್ದು ಪಟ್ಟಕ್ಕೆ ಬಂದದ್ದು 655ರಲ್ಲಿ. ಒಂದನೇ ವಿಕ್ರಮಾದಿತ್ಯ ಎಂದರೆ ಬಾದಾಮಿ ಬಿಡಿಸಿಕೊಂಡವನು, ಎರಡನೆಯವನು ಪಲ್ಲವರ ರಾಜಧಾನಿ ಕಂಚಿಯನ್ನು ಗೆದ್ದವನು. ಹೀಗೆ ಹಿಡಿದರೆ ಇಬ್ಬರೂ ಕಲಸುವುದಿಲ್ಲ.

ಕಪ್ಪೆ ಅರಭಟ್ಟನ ಬಂಡೆ

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕೂತದ್ದು ಇಲ್ಲಿ. ಕೆರೆಯ ಈಶಾನ್ಯಕ್ಕೆ, ಭೂತನಾಥದ ಕಡೆಯ ಬಂಡೆಗಳ ನಡುವೆ ಇದೆ. ಕಾಲ ಸುಮಾರು 700. ಬರೆಸಿದ್ದು ಯಾವ ರಾಜನ ದಂಡಯಾತ್ರೆಯನ್ನೂ ಅಲ್ಲ, ಕಪ್ಪೆ ಅರಭಟ್ಟನೆಂಬ ಒಬ್ಬ ವೀರನ ಗುಣವನ್ನು. ಅದರ ನಡುವೆ ಈ ಮೂರು ಸಾಲು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಸವಿಯಾದವರಿಗೆ ಸವಿಯಾದವನು, ಕಾಡುವ ಕಲಿಗೆ ಕಲಿಯುಗಕ್ಕೇ ಎದುರಾದವನು. ಇವನು ಮಾಧವನೇ, ಬೇರೆಯವನಲ್ಲ.

ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಬೆರಳಿಡಿ: ಧು, ಧಿ, ಧ. ಮೂರರಲ್ಲೂ ಧಕಾರ, ಅದರ ಹಿಂದೆ ಮೂರರಲ್ಲೂ ದೀರ್ಘಾಕ್ಷರ. ಇದೇ ಆದಿಪ್ರಾಸ. ಛಂದಸ್ಸಿನ ಪಾಠದಲ್ಲಿ ನಿಯಮವಾಗಿ ಕಲಿತದ್ದು ಇಲ್ಲಿ ಸಾವಿರದ ಮುನ್ನೂರು ವರ್ಷದ ಹಿಂದೆಯೇ ಹದವಾಗಿ ನಿಂತಿದೆ. ಮೂರನೇ ಸಾಲು ಗಿಡ್ಡ ಎನ್ನುವುದನ್ನೂ ನೋಡಿ. ಅದು ತ್ರಿಪದಿಯ ಗುರುತು. ಸರ್ವಜ್ಞ ಹಾಡಿದ್ದು ಈ ಮಟ್ಟಿನಲ್ಲಿ, ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಹಾಡಿದ್ದೂ ಈ ಮಟ್ಟಿನಲ್ಲಿ.

ಇನ್ನು ಭಾಷೆ. 'ಪೆರ' ಮುಂದೆ 'ಹೆರ' ಆಯಿತು, ಪಾಲು ಹಾಲಾದಂತೆ, ಪೂವು ಹೂವಾದಂತೆ. ಮಂಗಳೇಶನ ಶಾಸನದಲ್ಲಿರುವ ದೇವರಿಗೆ ಇಡುವ ಹೂವೂ 'ಪೂ' ಎಂದೇ ಇದೆ. ಹಳಗನ್ನಡದ ಪಕಾರ ಹಕಾರವಾಗುವ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಉದಾಹರಣೆಗೆ ಬಾದಾಮಿಯ ಈ ಎರಡು ಬಂಡೆ ಸಾಕು.

ಅಲ್ಲಿಂದ ಹೊರಟು ಸಂಜೆಯ ಹೊತ್ತಿಗೆ ಭೂತನಾಥದ ಮೆಟ್ಟಿಲಲ್ಲಿ ಕೂತರೆ, ಪಡುವಣದ ಬಿಸಿಲು ನೀರಿನ ಮೇಲಿಂದ ಬಂದು ಗುಡಿಗೆ ಬೀಳುತ್ತದೆ. ಬೆಳಗ್ಗೆ ಕೆರೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಸದ್ದು ಎದುರು ಬಂಡೆಗೆ ಬಡಿದು ಮರಳಿ ಬರುವುದು ಕೇಳುತ್ತಿತ್ತು. ಸಂಜೆ ಆ ಸದ್ದೂ ಇರಲಿಲ್ಲ.

ಪಟ್ಟದಕಲ್ಲು

ಬಾದಾಮಿಯಿಂದ ಸುಮಾರು 22 ಕಿಲೋಮೀಟರ್, ಮಲಪ್ರಭೆಯ ದಂಡೆ. ಹಳೆಯ ಹೆಸರು ಕಿಸುವೊಳಲ್. ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಪಟ್ಟಣ. ಇಲ್ಲಿನ ಕಲ್ಲಿನ ಬಣ್ಣ ನೋಡಿದರೆ ಅರ್ಥ ತಾನಾಗಿ ತಿಳಿಯುತ್ತದೆ. 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಗುಡಿಗಳು ಒತ್ತೊತ್ತಾಗಿವೆ. ಎಲ್ಲದರ ಹೆಸರು ಕಂಠಪಾಠ ಮಾಡುವ ಮೊದಲು ಶಿಖರ ನೋಡಲು ಕಲಿಯಿರಿ. ಹಂತ ಹಂತವಾಗಿ ಮೇಲೇರಿದರೆ ದ್ರಾವಿಡ: ವಿರೂಪಾಕ್ಷ, ಮಲ್ಲಿಕಾರ್ಜುನ, ಸಂಗಮೇಶ್ವರ. ಬಾಗಿದ ಗೆರೆಯಲ್ಲಿ ಒಂದೇ ಉಸಿರಿಗೆ ಮೇಲೆ ಹೋಗಿ ತುದಿಯಲ್ಲಿ ನೆಲ್ಲಿಕಾಯಿಯಂಥ ಆಮಲಕ ಇರುವಂಥದ್ದು ನಾಗರ: ಗಳಗನಾಥ, ಕಾಶಿ ವಿಶ್ವನಾಥ, ಜಂಬುಲಿಂಗ. ಎರಡೂ ಬಗೆಯವು ಒಂದೇ ಅಂಗಳದಲ್ಲಿರುವುದೇ ಈ ಊರಿನ ಪಾಠ.

ವಿರೂಪಾಕ್ಷವನ್ನು ಕಟ್ಟಿಸಿದವಳು ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಹಿಂದಿನ ಸೋಲಿನ ಶಾಸನವನ್ನು ಇದರ ಪಕ್ಕಕ್ಕಿಟ್ಟು ನೋಡಿ. ಪಲ್ಲವರು ಬಾದಾಮಿಯ ಬಂಡೆಗೆ ಬರೆದರು. ನೂರು ವರ್ಷದ ಬಳಿಕ ವಿಕ್ರಮಾದಿತ್ಯನೂ ಕಂಚಿಯಲ್ಲಿ ಬರೆಸಿದ, ಅದೂ ಕೈಲಾಸನಾಥ ಗುಡಿಯಲ್ಲಿ, ಕನ್ನಡದಲ್ಲಿ. ಆದರೆ ಬರೆಸಿದ್ದು ಗುಡಿಯ ಸಂಪತ್ತನ್ನು ಕಂಡು, ಮುಟ್ಟದೆ, ದೇವರಿಗೇ ಮರಳಿ ಬಿಟ್ಟೆನೆಂದು. ಆ ಕೈಲಾಸನಾಥದ ಛಾಯೆ ಪಟ್ಟದಕಲ್ಲಿನ ವಿರೂಪಾಕ್ಷದಲ್ಲಿದೆ, ವಿರೂಪಾಕ್ಷದ ಛಾಯೆ ಎಲ್ಲೋರದ ಕೈಲಾಸದಲ್ಲಿ.

ಗುಡಿಯ ಮೂಡಣ ಬಾಗಿಲಲ್ಲಿ ಶಿಲ್ಪಿಯ ಹೆಸರೂ ಇದೆ: ಅನಿವಾರಿತಾಚಾರಿ ಗುಂಡ. ತ್ರಿಭುವನಾಚಾರಿ ಎಂಬ ಬಿರುದು ಅವನಿಗೆ ಸಂದಿತ್ತು. ಇನ್ನೊಬ್ಬ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲೇ ಸಿಗುತ್ತದೆ. ಕಟ್ಟಿಸಿದವರ ಜೊತೆಗೆ ಕಟ್ಟಿದವರ ಹೆಸರನ್ನೂ ಉತ್ತರದಲ್ಲಿ ಬರೆಯಿರಿ.

ದಿನ ಹೊಂದಿಸಿಕೊಳ್ಳುವುದು

ಎರಡು ಪೂರ್ತಿ ದಿನ ಬೇಕು. ಮೊದಲ ದಿನ ಬಾದಾಮಿಯೊಂದೇ, ಎರಡನೇ ದಿನ ಬೆಳಗ್ಗೆ ಐಹೊಳೆ, ಮಧ್ಯಾಹ್ನದ ಮೇಲೆ ಪಟ್ಟದಕಲ್ಲು. ರೈಲಿನಲ್ಲಿ ಬರುವವರು ನಿಲ್ದಾಣದಿಂದ ಊರಿಗೆ ಇನ್ನೂ ಐದು ಕಿಲೋಮೀಟರ್ ಇದೆ ಎಂದು ಲೆಕ್ಕ ಹಾಕಿಕೊಳ್ಳಿ. ಬಾದಾಮಿ ಹತ್ತಿರದ ಮಹಾಕೂಟದ ಗುಡಿಗಳಿಗೆ ಹೋದವರು ಅಲ್ಲಿನ ಪುಷ್ಕರಣಿಯನ್ನು ನೋಡಿ. ಮಂಗಳೇಶನ ಹೆಸರಾಂತ ಶಾಸನದ ಕಂಬವನ್ನು ಮಾತ್ರ ಅಲ್ಲಿ ಹುಡುಕಬೇಡಿ, ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಎಂಬ ದೇವಿಯ ಶಿಲ್ಪವನ್ನು ತಪ್ಪಿಸಬೇಡಿ.

ಊಟಕ್ಕೆ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಜೋಳದ ರೊಟ್ಟಿ, ಪಲ್ಯ, ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. 'ಇನ್ನೊಂದ್ ರೊಟ್ಟಿ ಹಾಕ್ಲೇನ್ರೀ, ಗುಡ್ಡಾ ಹತ್ತಿ ಬಂದೀರಿ' ಎಂದು ಅವ್ವ ಕೇಳಿದಾಗ ನಾನು ಬೇಡ ಎನ್ನಲಿಲ್ಲ. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ನಾಟಕ ಕಂಪನಿಗಳೆಲ್ಲ ಇಲ್ಲಿ ಬೀಡುಬಿಡುತ್ತವೆ, ನೋಡಲು ಬಲು ಚೆಂದ. ಆದರೆ ಆಗ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ, ಬಸ್ಸುಗಳೂ ತುಂಬಿರುತ್ತವೆ. ಶಾಸನ ಓದಲು ಹೋಗುವವರು ಜಾತ್ರೆಗೆ ಮುಂಚೆ, ಬಂಡೆ ಕಾಯುವ ಬೇಸಿಗೆಯಲ್ಲದ ಡಿಸೆಂಬರಿನಲ್ಲಿ ಹೊರಡಿ.